ಖಾಲಿ ಬಿಡಬೇಕಿದ್ದ ಹನ್ನೆರಡನೆಯ ಸಾಲು

ಪೆನ್ಷನ್ ಆಫೀಸಿನವರು ಕೇಳಿದ ಯಾವುದೋ ಕಾಗದ ಹುಡುಕುತ್ತ ಬೀರುವಿನ ಕೆಳಗಿನ ಖಾನೆಯನ್ನೆಲ್ಲ ಮಂಚದ ಮೇಲೆ ಸುರಿದುಕೊಂಡಿದ್ದೆ. ಹಳೆಯ ಮೈಸೂರು ಸಿಲ್ಕ್ ಬ್ಲೌಸೊಂದನ್ನು ಬಿಡಿಸಿದಾಗ ಅದರ ಮಡಿಕೆಯಿಂದ ಖಾಕಿ ಕಾಗದವೊಂದು ಜಾರಿ ಬಿತ್ತು. ಅರ್ಧ ಎದೆ, ತೋಳಿನ ಸುತ್ತು, ಕತ್ತಿನ ಕಮಾನು ಬರುವಂತೆ ಕತ್ತರಿಸಿದ ಕಾಗದ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆಯ ಮೇಲೆ ಹಾಯುವಾಗ ಏಳುತ್ತದಲ್ಲ, ಅದು. ಕಾಗದದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಮೂರು ಜೋಡಿ ಅಂಕಿಗಳು. ಕಾಗದ ಹುಡುಕುವುದನ್ನು ಬಿಟ್ಟು ಮಂಚದ ತುದಿಯಲ್ಲಿ ಕೂತುಬಿಟ್ಟೆ...

ಆ ಅಂಕಿಗಳನ್ನು ಬರೆದವರು ಟೈಲರ್ ಭಾಯಿ. ಶ್ರೀರಂಗಪಟ್ಟಣದಲ್ಲಿ ನನ್ನ ಬಾಡಿಗೆ ಮನೆ ಮಹಡಿಯ ಮೇಲಿದೆ. ಎದುರಿಗೇ ಅವರ ಅಂಗಡಿ ಇತ್ತು. ಬಾಲ್ಕನಿಯಲ್ಲಿ ನಿಂತರೆ ಅವರ ಮಿಷನ್ನಿನ ಚಕ್ರ ತಿರುಗುವುದು ಕಾಣುತ್ತಿತ್ತು. ಪ್ರಾಯದಲ್ಲಿ ಕಬಡ್ಡಿಯ ಒಳ್ಳೆಯ ಕ್ಯಾಚರ್ ಆಗಿದ್ದರಂತೆ. ಯಾರದೋ ಕಾಲು ಹಿಡಿಯಲು ಹೋಗಿ ಮುರಿದುಕೊಂಡ ಬಲಗೈ ಕಿರುಬೆರಳು ಹೊರಕ್ಕೆ ಸೊಟ್ಟಗೆ ನಿಂತಿತ್ತು. ನಾನು ಕಾನ್ವೆಂಟಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದು ರಿಟೈರ್ ಆಗುವ ಹೊತ್ತಿಗೆ ಅವರು ನಮ್ಮೂರ ಕಬಡ್ಡಿ ಟೀಮಿನ ಮ್ಯಾನೇಜರ್. ಜೆರ್ಸಿ ಹೊಲಿಯುವವರೂ ಅವರೇ, ಆಟಗಾರರನ್ನು ಆರಿಸುವವರೂ ಅವರೇ.

ನಮ್ಮ ಕಡೆ ಆಷಾಢದಲ್ಲಿ ಪಂದ್ಯ ಇಲ್ಲ. ಮದುವೆಯಂತೆ ಟೀಮು ಕಟ್ಟುವುದೂ ಶ್ರಾವಣಕ್ಕೇ. ಆದರೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕೈಬಿಡಬೇಕು ಎನ್ನುವ ಗುಸುಗುಸು ನಡೆಯುವುದು ಆಷಾಢದಲ್ಲೇ. ಟಿವಿಯಲ್ಲಿ ದೊಡ್ಡ ದೊಡ್ಡ ಟೀಮುಗಳ ಹರಾಜು ನೋಡಿ ನಮ್ಮ ಹುಡುಗರೂ ರಿಟೇನ್, ರಿಲೀಸ್ ಎನ್ನಲು ಕಲಿತಿದ್ದರು. ಭಾಯಿಗೆ ಅದೆಲ್ಲ ಬೇಕಿರಲಿಲ್ಲ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಖಾಕಿ ಅಳತೆ ಕಾಗದ, ಎಲ್ಲವೂ ಗೋಡೆಯ ಒಂದೇ ಮೊಳೆಯಲ್ಲಿ. ಆಷಾಢದಲ್ಲಿ ಎಲ್ಲರನ್ನೂ ಕರೆದು ಅಳೆಯುತ್ತಿದ್ದರು. ಆಮೇಲೆ ಯಾರ ಕಾಗದ ಮೊಳೆಯಿಂದ ಇಳಿಯಿತೋ ಅವನು ಟೀಮಿನಿಂದ ಇಳಿದ ಹಾಗೆ.

"ಹೊಟ್ಟೆ ಯಾಕ್ಲಾ ಒಳಿಕ್ಕೆ ಎಳ್ಕೋತೀಯ? ನಾನೇನ್ ಗಂಡು ನೋಡಕ್ ಬಂದಿದ್ದೀನಾ?" ಎಂದು ಅವರು ಬೈದರೆ ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ಎದೆಯನ್ನು ಮಾತ್ರ ಎರಡು ಸಲ ಅಳೆಯುತ್ತಿದ್ದರು. ಉಸಿರು ತುಂಬಿಕೊಂಡಾಗ ಒಂದು, ಪೂರ್ತಿ ಬಿಟ್ಟಾಗ ಒಂದು. ಎರಡರ ನಡುವಿನ ಅಂತರವೇ ಒಬ್ಬ ರೈಡರನ ದಮ್ಮು ಎಂದು ಅವರ ಲೆಕ್ಕ. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಎದುರಾಳಿಯ ಅಂಕಣಕ್ಕೆ ಹೋಗಿ ಬರಬೇಕಾದವನಿಗೆ ಅದಕ್ಕಿಂತ ದೊಡ್ಡ ಆಸ್ತಿ ಯಾವುದು?

ಆ ಸಾಲಿನಲ್ಲಿ ನನ್ನ ತಂಗಿಯ ಮಗನೂ ನಿಲ್ಲುತ್ತಿದ್ದ. ಪಾಂಡವಪುರದ ಹತ್ತಿರದ ಹಳ್ಳಿಯಿಂದ ಹೈಸ್ಕೂಲಿಗೆಂದು ನನ್ನ ಮನೆಗೆ ಬಂದವನು ಇಲ್ಲೇ ಬೆಳೆದ. ನಾನು ಮದುವೆಯಾಗಲಿಲ್ಲ, ಅವನೇ ನನ್ನ ಮಗ. ಓದು ಹತ್ತಲಿಲ್ಲ, ಕಬಡ್ಡಿ ಹತ್ತಿತು. ಎರಡು ವರ್ಷ ಟೀಮಿನ ಮೊದಲ ರೈಡರ್. ಮೂರನೆಯ ವರ್ಷವೂ ಆಡಿದರೆ ಒಂದು ಕಾರ್ಖಾನೆಯವರು ಸ್ಪೋರ್ಟ್ಸ್ ಕೋಟಾದಲ್ಲಿ ಸೆಲೆಕ್ಷನ್ನಿಗೆ ಕರೆಯುವುದಾಗಿ ಹೇಳಿದ್ದರು. ಪರ್ಮನೆಂಟ್ ನೌಕರಿ. ಆ ವರ್ಷ ಅವನ ಹೆಸರು ಟೀಮಿನಲ್ಲಿ ಇರಲೇಬೇಕಿತ್ತು.

ಆ ಆಷಾಢದಲ್ಲೇ ನನಗೆ ಅನುಮಾನ ಶುರುವಾದದ್ದು. ನಾಗಮಂಗಲದ ಟೀಮಿನ ಇಬ್ಬರು ಬೈಕಿನಲ್ಲಿ ಬಂದು ಭಾಯಿಯ ಅಂಗಡಿ ಹೊಕ್ಕರು. ಕೈಯಲ್ಲಿ ಆಕಾಶನೀಲಿ ಬಟ್ಟೆಯ ಗಂಟು. ಅವರು ನಮ್ಮ ಬದ್ಧವೈರಿಗಳು. ಭಾಯಿ ಷಟರ್ ಅರ್ಧ ಎಳೆದರು. ಹಗಲು ಹನ್ನೊಂದು ಗಂಟೆಗೆ ಯಾರಾದರೂ ಷಟರ್ ಎಳೆಯುತ್ತಾರೆಯೇ? ಅವರ ಮಗಳನ್ನು ಕೊಟ್ಟಿರುವುದೂ ನಾಗಮಂಗಲಕ್ಕೇ ಎನ್ನುವುದು ಆಗ ನೆನಪಾಯಿತು. ಮಾರನೆಯ ದಿನ ಬ್ಲೌಸ್ ಕೊಡುವ ನೆಪದಲ್ಲಿ ಇಳಿದು ಹೋದೆ. ಮೊಳೆಯ ಮೇಲೆ ನಮ್ಮ ಹುಡುಗನ ಕಾಗದ ಇರಲಿಲ್ಲ.

ಅದಾಗಿ ಎರಡು ದಿನಕ್ಕೆ ಭಾಯಿಯೇ ಮೆಟ್ಟಿಲು ಹತ್ತಿ ಬಂದರು. ಹೊಸ ಸ್ಪಾನ್ಸರ್ ಇಂಗ್ಲಿಷಿನಲ್ಲಿ ಅಗ್ರಿಮೆಂಟ್ ಕೇಳಿದ್ದರು. ಅದನ್ನು ಟೈಪ್ ಮಾಡಿಕೊಡಲು ನಾನು ಒಪ್ಪಿದ್ದೆ. ಅವರು ಚೀಟಿ ಕೊಟ್ಟರು. ಹನ್ನೊಂದು ಹೆಸರು.

"ಟೀಮಿಗೆ ಹನ್ನೆರಡು ಜನ ಅಲ್ವಾ ಭಾಯಿ?"

"ಹನ್ನೆರಡ್ನೇ ಸಾಲು ಖಾಲಿ ಬುಡಿ ಟೀಚರಮ್ಮ."

"ಯಾಕೆ?"

ಅವರು ಕೂರಲಿಲ್ಲ. ಕೊರಳಿನಲ್ಲಿದ್ದ ಟೇಪನ್ನು ತೆಗೆದು ಬೆರಳಿಗೆ ಸುತ್ತಿಕೊಂಡರು. "ಉಡುಗನ್ ದಮ್ಮು ಕಮ್ಮಿ ಆಗೈತೆ. ಮೊದಲ್ನೇ ವರ್ಸ ಮೂರಿಂಚು ಇತ್ತು, ಓದ್ ವರ್ಸ ಎರಡು, ಈಗ ಒಂದೇ ಇಂಚು. ಕೆಮ್ಮೂ ಐತೆ, ನಿಮ್ಮುಂದೆ ಕೆಮ್ಮಾಕಿಲ್ಲ ಅಷ್ಟೇ. ಮೊದ್ಲು ಡಾಕ್ಟ್ರಿಗೆ ತೋರ್ಸಿ. ಆ ಜಾಗ ಅವಂದೇ. ಗುಣ ಆಗ್ ಬರ್ಲಿ, ನಾನೇ ಬರಸ್ತೀನಿ."

"ಟೇಪಿನಲ್ಲಿ ಕಾಯಿಲೆ ಕಂಡುಹಿಡಿಯೋದನ್ನ ಯಾವಾಗ ಕಲಿತ್ರಿ?" ಎಂದೆ. ಕ್ಲಾಸಿನಲ್ಲಿ ಕಾಪಿ ಹೊಡೆದವರನ್ನು ಕೇಳುತ್ತಿದ್ದ ದನಿಯಲ್ಲೇ.

"ನಲವತ್ ವರ್ಸದಿಂದ ಎದೆ ಅಳೀತಾ ಇವ್ನಿ ಟೀಚರಮ್ಮ. ಬಾಯಿ ಸುಳ್ ಹೇಳ್ತದೆ, ಎದೆ ಹೇಳಾಕಿಲ್ಲ."

"ನಾಗಮಂಗಲದವರ ಎದೆಯನ್ನೂ ಅಳೀತೀರಂತೆ?"

ಅವರು ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. "ಬಟ್ಟೆ ತಂದ್ರು, ಒಲಿಯಾಕ್ ಇಸ್ಕೊಂಡೆ. ಒಲಿಯೋದು ನನ್ ರೋಜಿ, ಒಟ್ಟೆಪಾಡು. ಅದಕ್ಕೂ ಇದಕ್ಕೂ ಏನ್ ಸಂಬಂಧ?" ಎಂದು ಮೆಟ್ಟಿಲಿಳಿದರು. ಅಷ್ಟು ಬೇಗ ಉತ್ತರ ಬಂದದ್ದೇ ನನಗೆ ಅನುಮಾನವಾಯಿತು. ಉತ್ತರ ತಡವಾಗಿದ್ದರೂ ಆಗುತ್ತಿತ್ತು, ಆ ಮಾತು ಬೇರೆ.

ಖಾಲಿ ಜಾಗ ನಾಗಮಂಗಲದ ಯಾವನೋ ರೈಡರನಿಗೆ ಎಂದು ನಾನು ನಿರ್ಧರಿಸಿಬಿಟ್ಟೆ. ಹುಡುಗನಿಗೆ ಹೇಳಿದರೆ ಮನಸ್ಸು ಮುರಿಯುತ್ತದೆ ಎಂದು ಹೇಳಲಿಲ್ಲ. ಡಾಕ್ಟರ ಮಾತನ್ನೂ ಎತ್ತಲಿಲ್ಲ. ಮಣ್ಣಿನ ಅಂಕಣದಲ್ಲಿ ಆಡುವವರಿಗೆ ಕೆಮ್ಮು ಇದ್ದದ್ದೇ ಅಲ್ಲವೇ? ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ಹನ್ನೊಂದು ಹೆಸರು ಟೈಪ್ ಮಾಡಿದೆ. ಹನ್ನೆರಡನೆಯ ಸಾಲಿನಲ್ಲಿ ಕರ್ಸರ್ ಮಿಣುಕುತ್ತಿತ್ತು. ಭಾಯಿಗೆ ಇಂಗ್ಲಿಷ್ ಬಾರದು... ನಮ್ಮ ಹುಡುಗನ ಹೆಸರನ್ನು ಇನಿಷಿಯಲ್ ಸಮೇತ ಟೈಪ್ ಮಾಡಿ ಪ್ರಿಂಟ್ ಒತ್ತಿದೆ. ಇದು ಮೋಸ ಎಂದು ಅನ್ನಿಸಲಿಲ್ಲ. ಮೋಸಕ್ಕೆ ಕರೆಕ್ಷನ್ ಹಾಕುತ್ತಿದ್ದೇನೆ ಅನ್ನಿಸಿತು. ಮೂವತ್ತು ವರ್ಷ ಕೆಂಪು ಪೆನ್ನು ಹಿಡಿದ ಕೈ.

ಶ್ರಾವಣದ ಮೊದಲ ಶುಕ್ರವಾರ ಟೀಮಿನ ಅಧ್ಯಕ್ಷರ ಅಕ್ಕಿ ಗಿರಣಿಯಲ್ಲಿ ಸಹಿ ಹಾಕುವ ಶಾಸ್ತ್ರ. ಆಟಗಾರರು, ಸ್ಪಾನ್ಸರ್ ಕಡೆಯವರು, ಕೇಸರಿಬಾತು. ಅಧ್ಯಕ್ಷರು ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಹನ್ನೆರಡನೆಯದನ್ನು ಓದಿದಾಗ ಹುಡುಗರು ಶಿಳ್ಳೆ ಹೊಡೆದರು. "ನಿನ್ ಕಾಗ್ದ ಇಳಿಸವ್ರೆ ಅಂತ ಸುದ್ದಿ ಅಬ್ಬಿತ್ತು ಕಣ್ಲಾ!" ಎಂದು ಯಾರೋ ಅವನ ಬೆನ್ನಿಗೆ ಗುದ್ದಿದ. ಮ್ಯಾನೇಜರ್ ಸಹಿಗಾಗಿ ಪೆನ್ನು ಹಿಡಿದಿದ್ದ ಭಾಯಿಯ ಕೈ ನಿಂತಿತು. ಅವರು ನನ್ನ ಕಡೆ ನೋಡಿದರು. ನಾನು ಫ್ಯಾನ್ ನೋಡಿದೆ. ಅಷ್ಟು ಜನರ ಮುಂದೆ ಅವರು ಬಾಯಿಬಿಟ್ಟಿದ್ದರೆ, ಊರಿನ ಅರ್ಧದಷ್ಟು ಮಕ್ಕಳಿಗೆ ಪಾಠ ಹೇಳಿದ ಟೀಚರಮ್ಮ ಏನು ಮಾಡಿದಳು ಎನ್ನುವುದು ಬಯಲಾಗುತ್ತಿತ್ತು. ಅವರು ತಲೆ ತಗ್ಗಿಸಿ ಸಹಿ ಹಾಕಿದರು.

ನೋಡು, ಸಿಕ್ಕಿಬಿದ್ದವನು ಮಾತಾಡುವುದಿಲ್ಲ ಎಂದುಕೊಂಡೆ ನಾನು.

ಮುಂದಿನ ವಾರ ಬ್ಲೌಸ್ ತರಲು ಹೋದೆ. ಯಾವಾಗಲೂ ನ್ಯೂಸ್‌ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದವರು ಅವತ್ತು ಖಾಕಿ ಕಾಗದದಲ್ಲಿ ಸುತ್ತಿ ಕೊಟ್ಟರು. "ಅಳತೆ ಸರಿಯಾಗೈತಾ, ಮನೇಲಿ ಬಿಚ್ಚಿ ನೋಡ್ಕೊಳ್ಳಿ ಟೀಚರಮ್ಮ," ಎಂದರು. ಬಿಚ್ಚಿದರೆ, ನಮ್ಮ ಹುಡುಗನ ಅಳತೆ ಕಾಗದ. ಮೂವತ್ತೆಂಟು, ಮೂವತ್ತೈದು. ಮೂವತ್ತೆಂಟು, ಮೂವತ್ತಾರು. ಕೊನೆಯದು ಮೂವತ್ತೇಳೂವರೆ, ಮೂವತ್ತಾರೂವರೆ. ಇದೊಂದು ಬೆದರಿಕೆ, ಸಮಯ ನೋಡಿ ನನ್ನನ್ನು ಹಿಡಿಯುತ್ತಾರೆ ಎಂದುಕೊಂಡೆ. ಆ ಬ್ಲೌಸನ್ನು ತೊಡಲೇ ಇಲ್ಲ. ಕಾಗದದ ಸಮೇತ ಬೀರುವಿನ ತಳಕ್ಕೆ ತಳ್ಳಿದೆ. ಅಂದಿನಿಂದ ಬೇರೆ ಟೈಲರನ ಹತ್ತಿರ ಹೋಗತೊಡಗಿದೆ. ಬಾಲ್ಕನಿಯ ಆ ಬದಿಗೆ ಒಂದು ಪರದೆಯನ್ನೂ ಕಟ್ಟಿದೆ. ಪರದೆಯ ಸಂದಿಯಿಂದ ನೋಡುವುದನ್ನು ಮಾತ್ರ ಬಿಡಲಿಲ್ಲ.

ಸೀಸನ್ ಶುರುವಾದ ಮೇಲೆ ಭಾಯಿ ಅವನನ್ನು ಬೆಂಚಿನ ಮೇಲೇ ಕೂರಿಸಿದರು. ಒಂದು ಪಂದ್ಯದಲ್ಲಿ ಎರಡು ರೈಡ್ ಕೊಟ್ಟರೆ ಹೆಚ್ಚು. ಅದೂ ನನಗೆ ಸೇಡಿನಂತೆಯೇ ಕಂಡಿತು. ಸೆಮಿಫೈನಲ್ ಕೆ.ಆರ್. ಪೇಟೆಯಲ್ಲಿ, ನಾಗಮಂಗಲದ ಮೇಲೆ. ನಾನೂ ಹೋಗಿದ್ದೆ, ಕಾರ್ಖಾನೆಯವರು ನೋಡಲು ಬಂದಿದ್ದರು. ನಮ್ಮವರು ಸೋಲುತ್ತಿದ್ದಾಗ ಅಧ್ಯಕ್ಷರು ಬೆಂಚಿನ ಹತ್ತಿರ ಬಂದು, "ಅಗ್ರಿಮೆಂಟ್‌ನಾಗೆ ಎಸರಿಲ್ವಾ? ಕಳ್ಸಯ್ಯ ಅವನ್ನ!" ಎಂದು ಗದರಿದರು. ಭಾಯಿ ಬೇಡವೆಂದು ಕೈ ಮುಗಿದದ್ದನ್ನು ನಾನು ನೋಡಿದೆ. ನೋಡಿ, "ಎಷ್ಟು ನಾಟಕ!" ಎಂದೆ, ಪಕ್ಕದಲ್ಲಿದ್ದ ಹೆಂಗಸಿಗೆ ಕೇಳಿಸುವ ಹಾಗೆ.

ಹುಡುಗ ಗೆರೆ ದಾಟಿದ. ಅವನ ಕಬಡ್ಡಿ ಕಬಡ್ಡಿ ನನ್ನ ತನಕ ಕೇಳಿಸುತ್ತಿತ್ತು. ಒಬ್ಬನನ್ನು ಮುಟ್ಟಿದ. ತಿರುಗಿದ. ಆಮೇಲೆ ಆ ದನಿ ನಿಂತಿತು. ಯಾರೂ ಅವನನ್ನು ಹಿಡಿದಿರಲಿಲ್ಲ. ಆಕಾಶನೀಲಿ ಜೆರ್ಸಿಗಳ ನಡುವೆ ಸುಮ್ಮನೆ ನಿಂತಿದ್ದ, ಏನೋ ಮರೆತವನ ಹಾಗೆ. ಮಂಡಿಯೂರಿ ಕೆಮ್ಮಿದಾಗ ಮಣ್ಣಿನ ಮೇಲೆ ಕೆಂಪು ಬಿತ್ತು. ಮೊದಲು ಓಡಿದವರು ಭಾಯಿ. ಆ ವಯಸ್ಸಿನಲ್ಲಿ ಅವನನ್ನು ಹೆಗಲಿಗೆ ಹಾಕಿಕೊಂಡು ಜೀಪಿನ ತನಕ ತಂದರು. ಮೈಸೂರಿನವರೆಗೂ ಅವನ ತಲೆ ಅವರ ತೊಡೆಯ ಮೇಲಿತ್ತು. ನಾನು ಮುಂದಿನ ಸೀಟಿನಲ್ಲಿದ್ದೆ. ಆ ದಾರಿಯುದ್ದಕ್ಕೂ ಅವರು ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು...

ಕ್ಷಯ. ಶ್ವಾಸಕೋಶದ ಒಂದು ಭಾಗ ಹಾಳಾಗಿತ್ತು. ಮಾತ್ರೆಯಿಂದ ವಾಸಿಯಾಗುತ್ತದೆ, ಆದರೆ ಹೋದದ್ದು ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. "ಏಳೆಂಟು ತಿಂಗಳು ಮುಂಚೆ ಕರ್ಕೊಂಡು ಬರಬಾರದಿತ್ತಾ ಮೇಡಂ?" ಎಂದೂ ಕೇಳಿದರು. ನಾನು ಬೆರಳೆಣಿಸಿ ನೋಡಿದೆ. ಏಳೆಂಟು ತಿಂಗಳ ಹಿಂದೆ ಆಷಾಢ.

ನೌಕರಿ ಹೋಯಿತು, ಆಟ ಹೋಯಿತು. ಈಗ ಅವನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ, ಹೆಂಡತಿ, ಒಂದು ಮಗು. ಭಾಯಿ ಬದುಕಿರುವ ತನಕ ದಿನಾ ಅವರ ಅಂಗಡಿಯಲ್ಲಿ ಹತ್ತು ನಿಮಿಷ ಕೂತು ಬರುತ್ತಿದ್ದ. "ಎಲ್ರೂ ನನ್ ಕೈ ಬುಡ್ತಾರೆ ಅಂದಾಗ ಭಾಯಿ ಒಬ್ರೇ ನನ್ನ ಉಳಿಸ್ಕೊಂಡಿದ್ದು ದೊಡ್ಡಮ್ಮ," ಎನ್ನುತ್ತಿದ್ದ. ಎರಡು ವರ್ಷದ ಕೆಳಗೆ ಅವರು ಹೋದಾಗ ಜನಾಜಾಕ್ಕೆ ಇವನೂ ಹೆಗಲು ಕೊಟ್ಟ. ನಾಲ್ಕು ಹೆಜ್ಜೆಗೇ ಏದುಸಿರು ಬಂದು ಬೇರೆಯವರಿಗೆ ಬಿಟ್ಟುಕೊಟ್ಟ. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಕೆಳಗಿಳಿಯಲಿಲ್ಲ. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳನ್ನು ಮಾರುತ್ತಾರೆ. ಮೊಳೆ ಮಾತ್ರ ಗೋಡೆಯಲ್ಲಿ ಹಾಗೇ ಇದೆ.

ಪೂರ್ತಿ ನಿಜ ಹೇಳಬೇಕೆಂದರೆ, ಆ ನೀಲಿ ಗಂಟಿನ ದಿನ ಷಟರನ್ನು ಯಾಕೆ ಎಳೆದರು ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ. ಬಿಸಿಲಿಗೆ ಇರಬಹುದು. ಅನುಮಾನ ಎನ್ನುವುದು ಹೋದ ಮೇಲೂ ತನ್ನ ಕುರ್ಚಿಯನ್ನು ಅಲ್ಲೇ ಬಿಟ್ಟು ಹೋಗಿರುತ್ತದೆ.

ಕಾಗದ ಸಿಕ್ಕ ಸಂಜೆಯೇ ಅವನು ಬಂದ. ಅವನು ಹತ್ತುವುದು ನನಗೆ ಗೊತ್ತಾಗುತ್ತದೆ. ತಿರುವಿನಲ್ಲಿ ನಿಂತು ಉಸಿರು ಹಿಡಿದುಕೊಳ್ಳುತ್ತಾನೆ. ಕಾಗದವನ್ನು ಬಚ್ಚಿಡಬಹುದಿತ್ತು. ಕೈ ಏಳಲಿಲ್ಲ.

"ಇದು ಭಾಯಿ ಕೈಬರಹ ಅಲ್ವಾ ದೊಡ್ಡಮ್ಮ?" ಎಂದು ಎತ್ತಿಕೊಂಡ. "ನಂದೇ ಕಾಗ್ದ! ಫ್ರೇಮ್ ಹಾಕ್ಸಿ ಅಂಗಡೀಲಿ ಇಟ್ಕೋತೀನಿ." ಆಮೇಲೆ ಅಂಕಿಗಳನ್ನು ನೋಡಿದ. "ಎದೆದು ಯಾಕೆ ಎರಡೆರಡು?"

"ಉಸಿರು ತೊಗೊಂಡಾಗ ಒಂದು, ಬಿಟ್ಟಾಗ ಒಂದು."

ಅವನ ತುಟಿ ಕಳೆಯುವ ಲೆಕ್ಕ ಮಾಡುತ್ತಿತ್ತು. ಮೂರು, ಎರಡು, ಒಂದು. ನಿಧಾನವಾಗಿ ಮುಖ ಎತ್ತಿದ.

"ಅಂಗಾದ್ರೆ ಭಾಯಿಗೆ ಗೊತ್ತಿತ್ತು," ಎಂದ. "ಗೊತ್ತಿದ್ದೂ ನನ್ನ ಆಡ್ಸುದ್ರಾ?"

ಅವನ ಕಣ್ಣಿನಲ್ಲಿ ಆಗ ಬಂದದ್ದು ನನಗೆ ಚೆನ್ನಾಗಿ ಪರಿಚಯ. ಪರದೆಯ ಸಂದಿಯಿಂದ ನಾನು ಎಷ್ಟೋ ವರ್ಷ ನೋಡಿದ್ದು ಅದೇ ಕಣ್ಣಿನಿಂದ. ನಾನು ಸುಮ್ಮನಿದ್ದರೆ ಸಾಕಿತ್ತು. ತಪ್ಪೆಲ್ಲ ಸತ್ತವರ ಮೇಲೆ ಹೋಗಿ ಕೂರುತ್ತಿತ್ತು. ಗಿರಣಿಯಲ್ಲಿ ಪೆನ್ನು ಹಿಡಿದು ನಿಂತಿದ್ದ ಆ ಸೊಟ್ಟ ಬೆರಳು ನೆನಪಾಯಿತು.

"ಭಾಯಿ ಕೊಟ್ಟ ಲಿಸ್ಟಿನಲ್ಲಿ ನಿನ್ನ ಹೆಸರಿರಲಿಲ್ಲ ಕಣೋ," ಎಂದೆ. "ಗುಣ ಆಗಿ ಬರಲಿ ಅಂತ ನಿನ್ನ ಜಾಗ ಖಾಲಿ ಬಿಟ್ಟಿದ್ರು. ಡಾಕ್ಟ್ರಿಗೆ ತೋರ್ಸಿ ಅಂತ ನನಗೆ ಹೇಳಿದ್ರು. ನಾನು ನಿನಗೆ ಹೇಳಲಿಲ್ಲ. ಹೆಸರು ಹಾಕಿದ್ದು ನಾನು."

ಒಲೆಯ ಮೇಲೆ ಹಾಲು ಉಕ್ಕಿತು. ಆರಿಸಿ ಬಂದು ನೋಡಿದರೆ ಅವನು ಬಾಗಿಲಲ್ಲಿದ್ದ. ಕಾಗದವನ್ನು ಎದೆಯ ಜೇಬಿನಲ್ಲಿ ಮಡಚಿ ಇಟ್ಟುಕೊಂಡು ಮೆಟ್ಟಿಲಿಳಿದ.

ಇಳಿಯುವಾಗ ಅವನಿಗೆ ಏದುಸಿರು ಬರುವುದಿಲ್ಲ. ಆದರೂ ತಿರುವಿನಲ್ಲಿ ಹೆಜ್ಜೆಗಳು ನಿಂತವು. ಬಹಳ ಹೊತ್ತು ಅಲ್ಲೇ ನಿಂತಿದ್ದ.