ಕೆಂಚಿ ನೀರು ಕುಡಿಯದ ತೊಟ್ಟಿ

ಹುನಗುಂದದಲ್ಲಿ ಯಾರದಾದರೂ ಮನೆಯ ವೈರಿಂಗ್ ಪೈಪು ಗೋಡೆಯ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಕಂಡರೆ, ಅದು ದಸ್ತಗೀರಸಾಬರ ಕೈಕೆಲಸವೆಂದು ಊರವರು ಕೇಳದೆಯೇ ಹೇಳುತ್ತಿದ್ದರು. ಅವರು ಗೋಡೆಗೆ ದಾರ ಹಿಡಿಯದೆ ಒಂದು ಮೊಳೆಯನ್ನೂ ಹೊಡೆದವರಲ್ಲ. ಮನೆಯವರು ಅವಸರ ಮಾಡಿದರೆ, "ಇವತ್ತ ಸೊಟ್ಟ ಹಚ್ಚಿದ್ರ ನೀವು ದಿನಾ ನೋಡಬೇಕಾಗ್ತೈತ್ರಿ, ನಾ ಅಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರ ಒಬ್ಬಳೇ ಮಗಳು ತಬಸುಮ. ಹತ್ತನೆಯ ತರಗತಿ ಮುಗಿದ ಮೇಲೆ ಆಕೆಯನ್ನು ಏನು ಓದಿಸಬೇಕೆಂದು ನೆಂಟರಿಷ್ಟರೆಲ್ಲ ಒಂದೊಂದು ಹೇಳುತ್ತಿದ್ದಾಗ, ತಾಯಿ ರಂಜಾನಬಿ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮಗಳನ್ನು ಬಾಗಲಕೋಟೆಯ ಬಸ್ಸು ಹತ್ತಿಸಿ ಐಟಿಐಗೆ ಸೇರಿಸಿ ಬಂದಳು. "ಆಕಿ ಜೀವ ಎಲ್ಲಾ ಅವರಪ್ಪನ ಟೆಸ್ಟರಿನ್ಯಾಗ ಐತಿ. ಬ್ಯಾರೆ ಏನ ಕಲಿಸಿದ್ರೂ ಅರ್ಧಾ ಮನಸಿಲೆ ಕಲೀತಾಳ" ಎಂದು ಗಂಡನಿಗೆ ಹೇಳಿದಳು. ದಸ್ತಗೀರಸಾಬರು ಬೇಡ ಅನ್ನಲಿಲ್ಲ. ಮರುದಿನ ತಂತಿ ಹಿಡಿದು ಕತ್ತರಿಸುವ ತಮ್ಮ ಹಳೆಯ ಪಕ್ಕಡ್ ಒಂದಕ್ಕೆ ಹೊಸ ಹಿಡಿ ಹಾಕಿಸಿ ಮಗಳ ಚೀಲದಲ್ಲಿಟ್ಟರು.

ಐಟಿಐಯಲ್ಲಿ ಹುಡುಗರು ಆಕಳಿಸುತ್ತ ಕೂರುತ್ತಿದ್ದ ಪಾಠವೊಂದು ತಬಸುಮಳ ತಲೆ ಹೊಕ್ಕು ಕುಳಿತುಬಿಟ್ಟಿತು. ಬಚ್ಚಲುಮನೆ, ಈಜುಕೊಳ, ದನದ ಕೊಟ್ಟಿಗೆ, ಮನುಷ್ಯ ಒಳಗಿಳಿದು ಕೆಲಸ ಮಾಡುವ ಕಬ್ಬಿಣದ ಟ್ಯಾಂಕು, ಇಂಥ ಕಡೆ ಮಾಮೂಲಿ ವೈರಿಂಗ್ ಸಾಲುವುದಿಲ್ಲ, ಅಲ್ಲಿಯ ನಿಯಮಗಳೇ ಬೇರೆ ಎಂಬ ಪಾಠ. ಕಲಿಸುವ ಸರ್ ಹೇಳಿದ್ದರು: "ಗ್ವಾಡಿ ಆಮ್ಯಾಲ ನೋಡ್ರಿ. ಮೊದ್ಲ ಅಲ್ಲಿ ಯಾರು ನಿಂತಿರ್ತಾರ, ಕಾಲಾಗ ಏನ ಹಾಕ್ಕೊಂಡಿರ್ತಾರ, ಮೈ ಒದ್ದಿ ಇರ್ತೈತೋ ಒಣಗಿರ್ತೈತೋ, ಅದನ್ನ ನೋಡ್ರಿ." ಅಂದಿನಿಂದ ತಬಸುಮ ಯಾರ ಮನೆಗೆ ಕೆಲಸಕ್ಕೆ ಹೋದರೂ ಮೊದಲು ಕಾಲು ನೋಡುವುದನ್ನು ರೂಢಿ ಮಾಡಿಕೊಂಡಳು. ಪರವಾನಗಿ ಪಡೆದು ತಂದೆಯ ಜೊತೆ ಕೆಲಸ ಶುರು ಮಾಡಿದಾಗ ಕೆಲವರಿಗೆ ಅದು ನಗೆಯ ವಿಷಯವಾಯಿತು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಇಳಕಲ್ ರಸ್ತೆಯ ಹೊಲದ ಮನೆಯಲ್ಲಿ ಬಸಲಿಂಗವ್ವ ಎಮ್ಮೆ ಕಟ್ಟಿಕೊಂಡಿದ್ದಳು. ಇಳಕಲ್ಲಿನ ಖಾನಾವಳಿಗಳಲ್ಲಿ ಆಕೆಯ ಗಟ್ಟಿ ಮೊಸರಿಗೆ ಹೆಸರಿತ್ತು. ಆ ವರ್ಷ ಬೇಸಿಗೆಯ ಹೊತ್ತಿಗೆ ಅವಳ ಕೆಂಚಿ ಎಂಬ ಎಮ್ಮೆ ಕೊಟ್ಟಿಗೆಯೊಳಗಿನ ತಗಡಿನ ತೊಟ್ಟಿಯ ಹತ್ತಿರ ಹೋಗುವುದು, ಮೂಗು ತಾಗಿಸುವುದು, ಬೆಚ್ಚಿ ಹಿಂದೆ ಸರಿಯುವುದು ಶುರುವಾಯಿತು. ಹಾಲು ಹಿಂಡಲು ಕೂತರೆ ಒದೆಯತೊಡಗಿತು. ಹಾಲು ಕಡಿಮೆಯಾಯಿತು. ದವಾಖಾನೆಯ ಡಾಕ್ಟರು ಬಂದು ನೋಡಿ, ಜ್ವರವಿಲ್ಲ, ಕೆಚ್ಚಲು ಬಾವಿಲ್ಲ, ಎಮ್ಮೆಗೆ ರೋಗವೇ ಇಲ್ಲ ಎಂದರು. ಅಕ್ಕಪಕ್ಕದವರು ದೃಷ್ಟಿ ತಾಗಿದೆ ಎಂದರು. ಬಸಲಿಂಗವ್ವ ಮೆಣಸಿನಕಾಯಿ ನಿವಾಳಿಸಿಯೂ ನೋಡಿದಳು. ಕಡೆಗೆ ಒಂದು ಬೆಳಗ್ಗೆ ಬಕೆಟ್ಟಿನಲ್ಲಿ ನೀರು ಒಯ್ದು ಅಂಗಳದ ಬೇವಿನ ಮರದ ಕೆಳಗೆ ಇಟ್ಟಾಗ ಕೆಂಚಿ ಒಂದೇ ಉಸಿರಿಗೆ ಕುಡಿದು ಇನ್ನೂ ಬೇಕೆಂದು ಕೂಗಿತು. ಹಾಗಾದರೆ ನೀರಿನದಲ್ಲ, ತೊಟ್ಟಿಯದೇ ಏನೋ ಇದೆ ಎಂದು ಅವಳಿಗೆ ಅನುಮಾನ ಬಂತು. ತೊಟ್ಟಿಗೆ ನೀರು ಬಿಡುವ ಪಂಪನ್ನು ನೋಡಿ ಹೋಗಲಿ ಎಂದು ದಸ್ತಗೀರಸಾಬರಿಗೆ ಫೋನು ಮಾಡಿದಳು. ಅವರು ಇಳಕಲ್ಲಿನಲ್ಲಿ ಬೇರೊಂದು ಕೆಲಸದಲ್ಲಿದ್ದರು. ತಬಸುಮ ಹೊರಟಳು.

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆಕೆ ಎಂದಿನಂತೆ ಕಾಲು ನೋಡಿದಳು. ಬಸಲಿಂಗವ್ವನ ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ. ಮಗ ಕಲ್ಲೇಶನ ಕಾಲಲ್ಲಿ ಗಮ್‌ಬೂಟು. ಎಮ್ಮೆಗಳು ಮಾತ್ರ ನೀರು, ಗಂಜಲ ಹರಿದ ಕಾಂಕ್ರೀಟಿನ ಮೇಲೆ ಬರಿಗಾಲಲ್ಲಿ ನಿಂತಿದ್ದವು.

"ಪಂಪ್ ಚಾಲೂ ಮಾಡ್ರಿ. ತೊಟ್ಟಿಗೆ ಮಾತ್ರ ಯಾರೂ ಕೈ ಹಚ್ಚಬ್ಯಾಡ್ರಿ" ಎಂದಳು.

ಪಂಪು ಗುಂಯ್ ಎಂದಿತು. ತಬಸುಮ ಮೀಟರಿನ ಒಂದು ಕಡ್ಡಿಯನ್ನು ತೊಟ್ಟಿಗೆ, ಇನ್ನೊಂದನ್ನು ಹಸಿ ನೆಲಕ್ಕೆ ಊರಿದಳು. ಮುಳ್ಳು ಇಪ್ಪತ್ತು ವೋಲ್ಟು ದಾಟಿ ನಿಂತಿತು. ಪಂಪು ನಿಲ್ಲಿಸಿದರೆ ಸೊನ್ನೆ. ಮತ್ತೆ ಹಚ್ಚಿದರೆ ಮತ್ತೆ ಅಷ್ಟೇ.

"ಇದು ದೃಷ್ಟಿ ಅಲ್ರಿ ಅವ್ವಾರ, ಕರೆಂಟ್. ಪಂಪಿನ್ಯಾಗಿಂದ ಸೋರಿ, ಕಬ್ಬಿಣದ ಪೈಪ್ ಹಿಡದು ತೊಟ್ಟಿಗೆ ಬರಾಕತ್ತೈತಿ. ನಿಮಗ ಚಪ್ಪಲಿ ಐತಿ, ಗೊತ್ತಾಗೂದಿಲ್ಲ. ಕೆಂಚಿಗೆ ನಾಲ್ಕೂ ಕಾಲು ನೀರಾಗ, ಬಾಯಿ ತೊಟ್ಟ್ಯಾಗ. ಆಕಿಗೆ ದಿನಾ ಜುಂ ಅನ್ನಾಕತ್ತಿತ್ತು."

ಬಸಲಿಂಗವ್ವ ಎಮ್ಮೆಯ ಕೊರಳು ತಬ್ಬಿಕೊಂಡಳು. "ಅಯ್ಯ ನನ್ನವ್ವ, ಹೇಳಾಕ ಬಾಯಿಲ್ಲದಕ್ಕ ಒದಿತಿದ್ದೇನ ನೀ! ಒದ್ದಿದ್ದಕ್ಕ ನಾ ನಿನಗ ಬೈದ್ನೆಲ್ಲ!"

ತಬಸುಮ ಕೊಟ್ಟಿಗೆಯ ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ಬಸಲಿಂಗವ್ವನ ಕೈಗೆ ಕೊಟ್ಟಳು. ಕಲ್ಲೇಶನಿಗೆ ಸಿಟ್ಟು ಬಂತು. "ಸಂಜಿಕ ಹಾಲು ಹಿಂಡೂದೈತಿ, ಕೊಟ್ಟಿಗಿ ತೊಳಿಯೂದೈತಿ. ಈ ವೈರಿಂಗ್ ಹಚ್ಚಿದಾವ್ರು ನಿಮ್ಮಪ್ಪನ. ಅವರಿಗೆ ಗೊತ್ತಾಗಲಾರದ್ದು ನಿನಗ ಗೊತ್ತಾತೇನು?"

ಆ ಮಾತು ತಬಸುಮಳಿಗೆ ಚುಚ್ಚಿತು. ಅವನು ಹೇಳಿದ್ದು ನಿಜವೂ ಆಗಿತ್ತು. ಗೋಡೆಯ ಮೇಲಿನ ಆ ನೆಟ್ಟನೆಯ ಪೈಪುಗಳನ್ನು ಒಳಗೆ ಕಾಲಿಟ್ಟಾಗಲೇ ಆಕೆ ಗುರುತಿಸಿದ್ದಳು. ಆದರೂ ದನಿ ಏರಿಸಲಿಲ್ಲ. "ಇವತ್ತ ಇಪ್ಪತ್ತೈತಿ. ಪಂಪ್ ಇನ್ನೂ ಕೆಟ್ಟರ ನಾಳಿ ಪೂರಾ ಕರೆಂಟ್ ಬರ್ತೈತಿ. ಅವತ್ತ ನಿಮ್ಮವ್ವ ಚಪ್ಪಲಿ ಬಿಟ್ಟು ತೊಟ್ಟಿ ತಿಕ್ಕಾಕ ಕುಂತಿದ್ರ ಏನ ಮಾಡ್ತೀರಿ? ಇವತ್ತ ಬಕೆಟ್ಟಿಲೆ ನೀರ ಹೊರ್ರಿ. ನಾನೂ ಹೊರ್ತೇನಿ."

ಕಲ್ಲೇಶ ಬಕೆಟ್ಟು ಎತ್ತಿಕೊಂಡ. ಇಬ್ಬರೂ ಸೇರಿ ಕೊಟ್ಟಿಗೆಗೆ ಸಾಕಾಗುವಷ್ಟು ನೀರು ಹೊತ್ತರು.

ಮನೆಗೆ ಬಂದು ಆಕೆ ತಂದೆಗೆ ಎಲ್ಲವನ್ನೂ ಹೇಳಿದಳು. ದಸ್ತಗೀರಸಾಬರು ಊಟ ನಿಲ್ಲಿಸದೆ ಕೇಳಿ, ಕೈ ತೊಳೆದು ಎದ್ದರು. ಬೆಳಗಾದ ಮೇಲೆ ಮಗಳಿಗಿಂತ ಮುಂಚೆ ತಾವೇ ಗಾಡಿ ಹೊರಗೆ ತೆಗೆದರು.

ಕೊಟ್ಟಿಗೆಯಲ್ಲಿ ಅವರು ಸೀದಾ ಹಿಂದಿನ ಗೋಡೆಯ ಮೂಲೆಗೆ ಹೋಗಿ ಕೂತರು. ಸೋರಿದ ಕರೆಂಟು ನೆಲಕ್ಕೆ ಇಳಿದು ಹೋಗಲೆಂದು ತಾವು ಅಂದು ಅರ್ಥಿಂಗ್ ತಂತಿ ಇಳಿಸಿದ್ದು ಅಲ್ಲಿಯೇ. ಈಗ ಅಲ್ಲಿ ಕಾಂಕ್ರೀಟು. ತಂತಿ ನೆಲದಿಂದ ಗೇಣು ಮೇಲೆ ತುಂಡಾಗಿ ತುಕ್ಕು ಹಿಡಿದು ನೇತಾಡುತ್ತಿತ್ತು.

"ನೆಲಾ ಹಾಕಿಸುವಾಗ ಕಡದಾರ" ಎಂದರು.

ಬಸಲಿಂಗವ್ವ ಒಪ್ಪಿಕೊಂಡಳು. "ಹೌದ್ರಿ ಅಣ್ಣಾ. ನೀವು ವೈರಿಂಗ್ ಮಾಡಿದಾಗ ಇದು ಕಾಳಿನ ಚೀಲಾ ಇಡೂ ಖೋಲಿ ಆಗಿತ್ತು. ಒಂದು ಬಲ್ಬ್ ಇತ್ತು. ಎಮ್ಮಿ, ಪಂಪು, ಮೇವು ಕತ್ತರಿಸೂ ಮಶೀನು, ಎಲ್ಲಾ ಆಮ್ಯಾಲ ಬಂದ್ವು."

ಅಂದರೆ ತಪ್ಪು ದಸ್ತಗೀರಸಾಬರದಾಗಿರಲಿಲ್ಲ. ತುಂಡಾದ ತಂತಿಗೆ ಗಂಟು ಹಾಕಿ, ಪಂಪು ರಿಪೇರಿಗೆ ಕೊಟ್ಟು ಮನೆಗೆ ಹೋಗಬಹುದಿತ್ತು. ಕಲ್ಲೇಶನೂ ಅದನ್ನೇ ಬಯಸುತ್ತಿದ್ದ. ಮೂವರೂ ತಬಸುಮಳ ಮುಖ ನೋಡಿದರು.

ಆಕೆ ತಂದೆಯ ಕಡೆ ತಿರುಗಿ ಹೇಳಿದಳು. "ಅಬ್ಬಾ, ಒಣ ಖೋಲಿಗೆ ನೀವು ಮಾಡಿದ್ದು ಬರೋಬರಿ ಇತ್ತು. ಈಗ ಇದು ಖೋಲಿ ಉಳಿದಿಲ್ಲ. ನೀರು ಹೊಡದು ತೊಳಿಯೂ ಜಾಗಾ. ಪೈಪಿನ ಸಂದ್ಯಾಗ ನೀರ ಇಳಿತೈತಿ, ಸ್ವಿಚ್ ಬೋರ್ಡಿಗೆ ಎಮ್ಮಿ ಕ್ವಾಡ ತಾಗ್ತೈತಿ. ತಂತಿ ಒಂದ ಜೋಡಿಸಿದ್ರ ಸಾಲೂದಿಲ್ಲ. ಎಲ್ಲಾ ಬಿಚ್ಚಿ ಹೊಸದಾಗಿ ಮಾಡಬೇಕು."

ದಸ್ತಗೀರಸಾಬರು ತಮ್ಮ ಪೈಪುಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಇಷ್ಟು ವರ್ಷವಾದರೂ ಒಂದು ಕಡೆಯೂ ಬಾಗಿರಲಿಲ್ಲ. ಅಂಗಿಯ ತೋಳು ಮಡಚಿ ಏಣಿ ಎತ್ತಿ ಗೋಡೆಗೆ ಇಟ್ಟರು.

"ಸ್ಕ್ರೂ ಡ್ರೈವರ್ ಕೊಡವ್ವಾ. ನಾ ಹಚ್ಚಿದ್ದು, ನಾನ ಬಿಚ್ತೇನಿ. ಹೊಸಾದು ಹ್ಯಾಂಗ ಮಾಡಬೇಕು ನೀ ಹೇಳು."

ತಬಸುಮ ಕಣ್ಣು ಒರೆಸಿಕೊಳ್ಳಲು ಆಚೆ ಹೋಗಬೇಕಾಯಿತು.

ಆಮೇಲಿನ ಕೆಲಸ ಆಕೆ ಹೇಳಿದಂತೆ ನಡೆಯಿತು. ಅಂಗಳದ ಎರೆಮಣ್ಣಿನಲ್ಲಿ ಕಲ್ಲೇಶ ಆಳದ ಗುಂಡಿ ತೋಡಿದ. ಅದರಲ್ಲಿ ಇದ್ದಿಲು, ಉಪ್ಪು ಹಾಕಿ ಹೊಸ ಅರ್ಥಿಂಗ್ ಕೂಡಿಸಿದರು. ತೊಟ್ಟಿ, ನೀರಿನ ಪೈಪು, ಎಮ್ಮೆ ಕಟ್ಟುವ ಕಬ್ಬಿಣದ ಗೂಟ, ಮೇವಿನ ಮಶೀನು ಎಲ್ಲವನ್ನೂ ಒಂದೇ ಲೋಹದ ಪಟ್ಟಿಯಿಂದ ಜೋಡಿಸಿ ಅದಕ್ಕೆ ಸೇರಿಸಿದರು. ತಬಸುಮ ನೆಲದ ಒಂದು ಮೂಲೆಯಲ್ಲಿ ಕಾಂಕ್ರೀಟು ಒಡೆಸಿ, ಒಳಗಿನ ಕಬ್ಬಿಣದ ಜಾಳಿಗೆಯನ್ನೂ ಅದೇ ಪಟ್ಟಿಗೆ ಬಿಗಿಸಿದಳು. "ಎಮ್ಮಿ ಕಾಲಿಟ್ಟ ನೆಲಾ, ಬಾಯಿಟ್ಟ ತೊಟ್ಟಿ ಎರಡೂ ಒಂದ ಆಗಬೇಕು. ನಡುವ ಫರಕ ಇದ್ರನ ಹೊಡಿಯೂದು" ಎಂದು ಕಲ್ಲೇಶನಿಗೆ ಬಿಡಿಸಿ ಹೇಳಿದಳು. ಸ್ವಿಚ್ ಬೋರ್ಡು ಕೊಟ್ಟಿಗೆಯ ಹೊರಗೆ ಹೋಯಿತು. ಒಳಗೆ ಉಳಿದ ದೀಪಗಳಿಗೆ ನೀರು ಹೋಗದ ಡಬ್ಬಿ ಬಂದವು. ಎಲ್ಲಕ್ಕೂ ಮುಂದೆ, ಸ್ವಲ್ಪ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುವ ಟ್ರಿಪ್ ಸ್ವಿಚ್ಚು ಕೂತಿತು. ಅದರ ಗುಂಡಿ ಒತ್ತಿ ಟಪ್ ಎಂದು ಬೀಳಿಸಿ ತೋರಿಸಿದಳು. "ತಿಂಗಳಿಗೊಮ್ಮೆ ಹಿಂಗ ಒತ್ತಿ ನೋಡ್ರಿ ಅವ್ವಾರ. ಬಿತ್ತಂದ್ರ ಜೀವಂತ ಐತಿ ಅಂತ ತಿಳೀರಿ."

ಪಂಪು ರಿಪೇರಿಯಾಗಿ ಬಂದ ದಿನ ಎಲ್ಲರೂ ಕೊಟ್ಟಿಗೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತರು. ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಆದರೆ ಬಸಲಿಂಗವ್ವನಿಗೆ ಮೀಟರು ಬೇಕಿರಲಿಲ್ಲ, ಎಮ್ಮೆ ಒಪ್ಪಬೇಕಿತ್ತು. ಕೆಂಚಿ ತೊಟ್ಟಿಯ ಅಂಚು ಮೂಸಿತು. ಹಿಂದೆ ಸರಿಯಿತು. ಮತ್ತೆ ಬಂದು ಮೂಗು ತಾಗಿಸಿತು. ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ಕಿವಿ ಇಳಿಬಿಟ್ಟು ಸೊರಸೊರ ಕುಡಿಯತೊಡಗಿತು. ಬಸಲಿಂಗವ್ವ ತಬಸುಮಳ ಕೆನ್ನೆಗೆ ಎರಡೂ ಕೈ ಹಚ್ಚಿ ಲಟಿಕೆ ಮುರಿದಳು.

ಮಳೆಗಾಲದಲ್ಲಿ ಒಮ್ಮೆ ಕಲ್ಲೇಶ ಹಳೆಯ ರಾಡು ಹಾಕಿ ನೀರು ಕಾಯಿಸಲು ಹೋದಾಗ ಟ್ರಿಪ್ ಸ್ವಿಚ್ಚು ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಬೇಸತ್ತು ಫೋನು ಮಾಡಿ, ಅದನ್ನು ತೆಗೆದು ಸೀದಾ ಜೋಡಿಸಿಬಿಡಲೇ ಎಂದು ಕೇಳಿದ. ಫೋನು ಎತ್ತಿದ್ದು ದಸ್ತಗೀರಸಾಬರು. "ನನ್ನ ಮಗಳು ಹಚ್ಚಿದ್ದಕ್ಕ ಕೈ ಹಚ್ಚಬ್ಯಾಡಲೇ ಕಲ್ಲೇಶ! ಅದು ಬೀಳಾಕತ್ತೈತಿ ಅಂದ್ರ ನಿನ್ನ ರಾಡ್ ಕೆಟ್ಟೈತಿ. ರಾಡ್ ಹೊರಗ ಒಗಿ!" ಎಂದು ಓಣಿಗೆಲ್ಲ ಕೇಳುವಂತೆ ಗದರಿದರು. ಒಳಗಿದ್ದ ರಂಜಾನಬಿ ಮಗಳ ಕಡೆ ನೋಡಿ ನಕ್ಕಳು.

ಕೆಂಚಿಯ ಸುದ್ದಿ ಬಸಲಿಂಗವ್ವನ ಮೊಸರಿನ ಜೊತೆಗೇ ಇಳಕಲ್ ಮುಟ್ಟಿತು. ಇಂದು ಬಾದಾಮಿಯ ಲಾಡ್ಜಿನ ಬಚ್ಚಲುಮನೆಯಾಗಲಿ, ಕಲಾದಗಿಯ ಹೊಳೆದಂಡೆಯ ಪಂಪ್‌ಸೆಟ್ಟಾಗಲಿ, ನೀರಿದ್ದ ಕಡೆಯ ಕೆಲಸವೆಂದರೆ ತಬಸುಮಳಿಗೆ ಕರೆ ಬರುತ್ತದೆ. ಮೊನ್ನೆ ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವ ಮನೆಯೊಂದಕ್ಕೆ ತಂದೆ ಮಗಳು ಹೋಗಿದ್ದರು. ಕುದಿಯುವ ಹಂಡೆಗಳು, ಕೆಂಪು ನೀರು ಹರಿಯುವ ನೆಲ, ಬರಿಗಾಲಲ್ಲಿ ನಿಂತ ಹೆಂಗಸರು. ಮಾಲೀಕ ಬಾಬುಸಾಬರು ದಸ್ತಗೀರಸಾಬರಿಗೆ ಕುರ್ಚಿ ಹಾಕಿ, "ಹೇಳ್ರಿ ಮೇಸ್ತ್ರಿ, ಎಲ್ಲಿಂದ ಶುರು ಮಾಡೂನು?" ಎಂದರು.

"ಮೇಸ್ತ್ರಿ ನಾ ಅಲ್ರಿ," ಎಂದು ಅವರು ಎದೆ ಸೆಟೆಸಿ ಕುರ್ಚಿಯನ್ನು ಮಗಳ ಕಡೆ ಸರಿಸಿದರು. "ಮೇಸ್ತ್ರಿ ಆಕಿ."

ತಬಸುಮ ಕೂರಲಿಲ್ಲ. ಹೆಂಗಸರನ್ನೆಲ್ಲ ಒಣ ಅಂಗಳಕ್ಕೆ ಕರೆದು ನಿಲ್ಲಿಸಿ, ಮೇನ್ ಸ್ವಿಚ್ ಎಲ್ಲಿದೆ ಎಂದು ಕೇಳಿದಳು.