ಗಂಟಪ್ಪನ ಮೂರನೆಯ ಜೀವ

ಸ್ಪಿರಿಟ್ಟಿನ ವಾಸನೆ ಬಂದರೆ ಎಲ್ಲರಿಗೂ ಆಸ್ಪತ್ರೆ ನೆನಪಾಗುತ್ತದಂತೆ. ನನಗೆ ವಿಡಿಯೊ ಗೇಮ್ ನೆನಪಾಗುತ್ತದೆ. ಈಚೆಗೆ ಘಟಪ್ರಭಾದ ಆಸ್ಪತ್ರೆಯಲ್ಲಿ ನರ್ಸು ಅಣ್ಣನ ತೋಳಿಗೆ ಹತ್ತಿ ಒತ್ತಿದಾಗ ನಾನು ಪಕ್ಕದಲ್ಲಿ ಚೀಟಿ ಹಿಡಿದು ಗಂಭೀರವಾಗಿ ನಿಂತಿರಬೇಕಿತ್ತು. ನಿಂತೇ ಇದ್ದೆ. ಆದರೆ ಮನಸ್ಸಿನಲ್ಲಿ ಕಲ್ಲೋಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹಳದಿ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳನ್ನು ಒರೆಸುತ್ತಿದ್ದೆ. ಕ್ಯಾಸೆಟ್ಟು ಹಟ ಹಿಡಿದಾಗ ಊದಿದರೆ ಸರಿಹೋಗುತ್ತದೆ ಎಂದು ಊರಿಗೆ ಊರೇ ನಂಬಿದ್ದ ಕಾಲ ಅದು. ಎಂಜಲು ಹಾರಿದರೆ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ ಎಂದು ಕಂಪೌಂಡರನಿಂದ ಸ್ಪಿರಿಟ್ ಬೇಡಿ ತರುತ್ತಿದ್ದವನು ನಮ್ಮಣ್ಣ ಸಿದ್ದಪ್ಪ ಒಬ್ಬನೇ.

ಕ್ರಮವಾಗಿ ಹೇಳುತ್ತೇನೆ. ನಾನು ಹುಕ್ಕೇರಿಯ ಕೋರ್ಟಿನಲ್ಲಿ ಟೈಪಿಸ್ಟು. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ಬಡಿಯುವುದು ಕೆಲಸ. ಅದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಸೇರಿಸಿದ್ದೆಷ್ಟು ಎಂದು ಮನಸ್ಸಿನಲ್ಲೇ ಬೇರ್ಪಡಿಸುವುದು ಚಟ. ಈ ಚಟದಿಂದ ಮನೆಯಲ್ಲಿ ಯಾರಿಗೂ ಉಪಯೋಗವಾದದ್ದನ್ನು ನಾನು ಕಂಡಿಲ್ಲ.

ಆ ಯಂತ್ರವನ್ನು ತಂದವನು ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದ ನಮ್ಮ ಸೋದರಮಾವ. ಪಂಚಮಿಗೆ ಬರುವಾಗ ಕೈಚೀಲದಲ್ಲಿ ಹಾಕಿಕೊಂಡು ಬಂದ. ಜಪಾನಿನದು ಎಂದ, ಅಡಿಯಲ್ಲಿ ಬೇರೆ ಏನೋ ಬರೆದಿತ್ತು. ಅದನ್ನು ನಾವು ಶಟರ್ ಎಳೆಯುವ ಕಪ್ಪುಬಿಳುಪು ಟಿವಿಗೆ ಜೋಡಿಸಿದೆವು. ಕ್ಯಾಸೆಟ್ಟಿನ ಮೇಲಿನ ಚಿತ್ರ ಕಿತ್ತುಹೋಗಿದ್ದರಿಂದ ಆಟದೊಳಗಿನ ಮನುಷ್ಯನ ಹೆಸರು ತಿಳಿಯಲಿಲ್ಲ. ಕುಳ್ಳ; ಉದ್ದನೆಯ ಟೊಪ್ಪಿಗೆ; ಬೆನ್ನ ಮೇಲೆ ತನಗಿಂತ ದೊಡ್ಡ ಗಂಟು. ಅದನ್ನು ಹೊತ್ತು ಎಡದಿಂದ ಬಲಕ್ಕೆ ನಡೆಯುವುದು, ತಗ್ಗು ಬಂದರೆ ಜಿಗಿಯುವುದು, ಇಷ್ಟೇ ಅವನ ಬದುಕು. ಗಂಟಿನಲ್ಲಿ ಏನಿದೆ ಎಂದು ಆಗ ಗೊತ್ತಾಗಲಿಲ್ಲ. ಆಮೇಲೆ ಬಂದ ಯಾವ ಆಟದಲ್ಲೂ ಅದನ್ನು ಮಾಡಿದವರು ಹೇಳಲಿಲ್ಲ. ಅವ್ವ ಅವನಿಗೆ ಗಂಟಪ್ಪ ಎಂದು ಹೆಸರಿಟ್ಟಳು. ನಿಜವಾದ ಹೆಸರು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಅದು ನಡೆಯಲಿಲ್ಲ.

ಗಂಟಪ್ಪನಿಗೆ ಮೂರು ಜೀವ. ತೆರೆಯ ಮೂಲೆಯಲ್ಲಿ ಮೂರು ಸಣ್ಣ ಟೊಪ್ಪಿಗೆ ಕಾಣಿಸುತ್ತಿದ್ದವು. ತಗ್ಗಿಗೆ ಬಿದ್ದರೆ ಒಂದು ಹೋಗುತ್ತಿತ್ತು. ಮೊದಲನೆಯ ಜೀವ ಹಿರಿಯನೆಂದು ಅಣ್ಣನದು. ಎರಡನೆಯದು ನನ್ನದು. ಅಣ್ಣ ತನ್ನ ಜೀವದಲ್ಲಿ ಮೂರು ಊರು ದಾಟುತ್ತಿದ್ದ. ನಾನು ಎರಡನೆಯ ತಗ್ಗಿನಲ್ಲಿ ಬೀಳುತ್ತಿದ್ದೆ. ಮೂರನೆಯದಕ್ಕೆ ಜಗಳ. ಒಂದು ದಿನ ನಾನು ಅಣ್ಣನ ಮೊಣಕೈ ಕಚ್ಚಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ತೊಳೆದುಕೊಂಡು ಬಂದು, ಗುಂಡಿಗಳಿದ್ದ ಹಿಡಿಕೆಯನ್ನು ನಮ್ಮ ನಡುವಿನಿಂದ ಕಿತ್ತುಕೊಂಡು, ಮೂರನೆಯದು ಇನ್ನು ಮೇಲೆ ತನ್ನದು ಎಂದು ಕೂತಳು.

ಕೂತಳು, ಆದರೆ ಯಾವ ಗುಂಡಿಯನ್ನೂ ಒತ್ತಲಿಲ್ಲ. ನಾವು ಹೇಳಿಕೊಡಲು ಹೋದೆವು.

"ಬೆನ್ನ ಮ್ಯಾಲ ಅಷ್ಟ ದೊಡ್ಡ ಗಂಟ ಐತಿ. ನೀವಿಬ್ಬರೂ ಓಡಿಸಿ ಓಡಿಸಿ ಕೊಂದೀರಿ," ಎಂದಳು. "ನಿಂದ್ರಲಿ ಬಿಡ್ರಿ ಅಂವ."

ಅವ್ವ ಮದುವೆಯಾದ ಹೊಸದರಲ್ಲಿ ವರ್ಷಕ್ಕೆ ಆರು ತಿಂಗಳು ಕುರಿಗಳ ಹಿಂದೆ ನಡೆದವಳು. ಕಂಬಳಿ, ಪಾತ್ರೆ, ಒಮ್ಮೊಮ್ಮೆ ಅಂದೇ ಹುಟ್ಟಿದ ಮರಿ, ಎಲ್ಲವನ್ನೂ ಹೊತ್ತು ನಡೆದವಳು. ಹೊರೆಯ ವಿಷಯದಲ್ಲಿ ಅವಳ ಮಾತಿಗೆ ನಮ್ಮಲ್ಲಿ ಎದುರುತ್ತರವಿರಲಿಲ್ಲ. ನಾವು ಸುಮ್ಮನೆ ನೋಡುತ್ತ ಕೂತೆವು. ಇಪ್ಪತ್ತು ಎಣಿಸುವಷ್ಟರಲ್ಲಿ ಗಂಟಪ್ಪ ಗಂಟನ್ನು ಕೆಳಗಿಳಿಸಿ, ಅದರ ಮೇಲೆ ಕೂತು, ಕಣ್ಣು ಪಿಳುಕಿಸಿದ. ತಿಂಗಳುಗಟ್ಟಲೆ ಅವನನ್ನು ಓಡಿಸಿದ ನಮಗೆ ಅವನಿಗೆ ಕೂರಲು ಬರುತ್ತದೆ ಎಂದೇ ಗೊತ್ತಿರಲಿಲ್ಲ. ಅಂದಿನಿಂದ ಅದು ಮನೆಯ ನೇಮವಾಯಿತು. ಮೂರನೆಯ ಜೀವ ಅವ್ವನದು, ಅದರಲ್ಲಿ ಯಾರೂ ಗುಂಡಿ ಮುಟ್ಟಬಾರದು. ಅವ್ವ ನೋಡುವಷ್ಟು ನೋಡಿ ಒಲೆಯ ಕಡೆ ಹೋಗುತ್ತಿದ್ದಳು. ಆಗ ನಾವು ಯಂತ್ರ ಆರಿಸಿ ಮತ್ತೆ ಹಚ್ಚುತ್ತಿದ್ದೆವು.

ಮುಂದೆ ಗಂಟಪ್ಪ ಎಷ್ಟೋ ಯಂತ್ರಗಳಲ್ಲಿ ಬಂದ. ಬೇರೆಯವರು ಅವನ ಹೊಸ ಶಕ್ತಿಗಳನ್ನು, ಹೊಸ ಶತ್ರುಗಳನ್ನು ನೆನಪಿಟ್ಟಿರಬಹುದು. ನಾವು ನೆನಪಿಟ್ಟದ್ದು ಸುಮ್ಮನೆ ನಿಲ್ಲಿಸಿದರೆ ಅವನು ಏನು ಮಾಡುತ್ತಾನೆ ಎಂಬುದನ್ನು ಮಾತ್ರ. ಅಣ್ಣ ಗೋಕಾಕದಲ್ಲಿ ಐಟಿಐ ಓದುವಾಗ ಅಲ್ಲಿ ಬಣ್ಣದ ಟಿವಿ ಇಟ್ಟ ಗೇಮಿನ ಅಂಗಡಿಯೊಂದಿತ್ತು. ಅವ್ವನಿಗೆ ಹಲ್ಲು ತೋರಿಸಲು ಹೋದ ದಿನ ಅವಳನ್ನೂ ಅಲ್ಲಿಗೆ ಕರೆದೊಯ್ದೆವು. ಕಾಲೇಜು ಹುಡುಗರ ನಡುವೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಮರಗಟ್ಟಿದ ದವಡೆ ಹಿಡಿದುಕೊಂಡು, ಸ್ಟೂಲಿನ ಮೇಲೆ ಕೂತಳು. ಗಂಟಪ್ಪನ ಅಂಗಿಯ ಬಣ್ಣ ಯಾವುದೆಂದು ಮನೆಯಲ್ಲಿ ಹಿಂದೆ ವಾದವಾಗಿತ್ತು. ಅವ್ವ ಹಸಿರು ಎಂದು ತೀರ್ಮಾನ ಕೊಟ್ಟಿದ್ದಳು. ಇಲ್ಲಿ ನೋಡಿದರೆ ನೇರಳೆ. ಅಂಗಿ ಬದಲಿಸಿದ್ದಾನೆ ಎಂದಳು. ನಿಲ್ಲಿಸಿ ಬಿಟ್ಟಾಗ ಈ ಗಂಟಪ್ಪ ಕೂರಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಮ್ಮನ್ನೇ ದುರುಗುಟ್ಟಿ ನೋಡಿದ. ಗೋಕಾಕಕ್ಕೆ ಬಂದು ಸೊಕ್ಕು ಬಂದಿದೆ ಇವನಿಗೆ ಎಂದು ಅವ್ವ ಎದ್ದುಬಿಟ್ಟಳು.

ಅಂಗೈಯಗಲದ ಒಂದು ಯಂತ್ರದಲ್ಲಿ ಅವನು ಜೇಬಿನಿಂದ ರೊಟ್ಟಿಯಂಥದ್ದನ್ನು ತೆಗೆದು ತಿಂದ. ಅದು ಅವ್ವನಿಗೆ ಒಪ್ಪಿಗೆಯಾಯಿತು. ಆಮೇಲೆ ಸಿ.ಡಿ. ಹಾಕುವ ಯಂತ್ರ ಬಂತು. ಅದರಲ್ಲಿ ಅವನು ಮೊದಲ ಸಲ ಬೆನ್ನು ತಿರುಗಿಸಿದ, ನಾವು ಮೊದಲ ಸಲ ಗಂಟಿನ ಕಟ್ಟನ್ನು ನೋಡಿದೆವು. ಹೀಗೆ ಕಟ್ಟಿದರೆ ಒಂದು ಹರದಾರಿ ನಡೆಯುವುದರೊಳಗೆ ಜಾರುತ್ತದೆ ಎಂದಳು ಅವ್ವ. ಈಗ ಮೊಬೈಲಿನಲ್ಲೂ ಇದ್ದಾನೆ. ಐದು ಸೆಕೆಂಡು ನಿಲ್ಲಿಸಿದರೆ ಸಾಬೂನಿನ ಜಾಹೀರಾತು ಬರುತ್ತದೆ. ಅವ್ವ ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಅವಳು ತೀರಿಕೊಂಡಿದ್ದಳು.

ಇನ್ನು ನಾನು ಕಣ್ಣಾರೆ ಕಂಡದ್ದನ್ನು ಹೇಳಬೇಕು. ಅಣ್ಣನದು ಮೂಡಲಗಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿಯನ್ನು ಎಣಿಸಿ ಸುತ್ತುವ ಕೆಲಸ. ಸುತ್ತಿನ ಲೆಕ್ಕ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ತಂತಿಯ ಬಿಗಿ ತಿಳಿಯುವುದು ಬಲಗೈ ಹೆಬ್ಬೆರಳಿಗೆ. ಅದಕ್ಕೇ ಅಣ್ಣ ಜೋರಾಗಿ ಎಣಿಸುತ್ತಾನೆ, ನಡುವೆ ಯಾರು ಮಾತಾಡಿಸಿದರೂ ಉತ್ತರಿಸುವುದಿಲ್ಲ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನಾನು ಅವನ ಎದುರಿಗೆ ಚಹಾ ಕುಡಿಯುತ್ತ ಕೂತಿದ್ದೆ. ನಲವತ್ತನಾಲ್ಕು, ನಲವತ್ತೈದು, ನಲವತ್ತಾರು ಎಂದ. ಮತ್ತೆ ನಲವತ್ತಾರು ಎಂದ. ಲೆಕ್ಕದಲ್ಲಿ ಅನುಮಾನ ಬಂದಿರಬೇಕು ಎಂದುಕೊಂಡೆ. ಮೂರನೆಯ ಸಲವೂ ನಲವತ್ತಾರು ಎಂದ. ಅಣ್ಣನ ಎಣಿಕೆಯ ನಡುವೆ ಮಾತಾಡಬಾರದೆಂಬ ಶಿಸ್ತು ನನ್ನದು. ನಾನು ಚಹಾ ಮುಗಿಸಿದೆ. ಇದನ್ನು ಬಿಟ್ಟು ಹೇಳಿದರೆ ಪೂರ್ತಿ ಹೇಳಿದಂತಾಗುವುದಿಲ್ಲ. ಕಪ್ಪು ಕೆಳಗಿಟ್ಟು ತಲೆಯೆತ್ತಿದಾಗ ತಂತಿ ಅವನ ಕೈಯಿಂದ ಜಾರಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು.

ಲಕ್ವಾ ಎಂದರು. ಘಟಪ್ರಭಾದ ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗಾಲು ಅಷ್ಟಿಷ್ಟು ಬಂದಿತ್ತು, ಮಾತು ತೊಡರುತ್ತಿತ್ತು, ಬಲಗೈ ಬಂದಿರಲಿಲ್ಲ. ಡಾಕ್ಟರು ರಬ್ಬರಿನ ಚೆಂಡೊಂದನ್ನು ಕೊಟ್ಟು, ಹಿಸುಕುತ್ತಿರಬೇಕು, ಮೊದಲ ಕೆಲವು ತಿಂಗಳು ಬಹಳ ಮುಖ್ಯ, ಅವನು ಮನಸ್ಸು ಮಾಡದಿದ್ದರೆ ಕೈ ಹಾಗೇ ಉಳಿದೀತು ಎಂದರು. ಅಣ್ಣ ಒಲ್ಲೆ ಎನ್ನಲಿಲ್ಲ. ಚೆಂಡನ್ನು ಎಡಗೈಯಿಂದ ತೆಗೆದು ಕಿಟಕಿಯಲ್ಲಿಟ್ಟ. ದಿನವೂ ಅವನ ಹೆಂಡತಿ ಶಾಂತಾ ವೈನಿ ಅದನ್ನು ಅವನ ಬಲಗೈಗೆ ಕೊಡುವರು. ಅವನು ಮತ್ತೆ ಕಿಟಕಿಯಲ್ಲಿಡುವನು.

"ಕೈ ಬರಲಿಲ್ಲಂದ್ರ ಇವರು ಬದಕಾಂಗಿಲ್ರಿ," ಎಂದರು ವೈನಿ ನನಗೆ. "ನಾ ಹೊಟ್ಟಿಪಾಡಿನ ಮಾತ ಹೇಳಾಕತ್ತಿಲ್ಲ."

ನನಗೆ ಹೊಳೆದದ್ದು ಒಂದೇ. ಹಳೆಯ ಆಟಗಳನ್ನೆಲ್ಲ ತುಂಬಿದ ಸಣ್ಣ ಪೆಟ್ಟಿಗೆಯೊಂದು ಈಗ ಸಿಗುತ್ತದೆ; ಮೊದಲ ಗಂಟಪ್ಪನೂ ಅದರಲ್ಲಿದ್ದಾನೆ. ತಂದು ಅಣ್ಣನ ಟಿವಿಗೆ ಜೋಡಿಸಿದೆ. ಎಡ ಹೆಬ್ಬೆರಳಿಗೆ ನಡೆಯುವ ಗುಂಡಿ, ಬಲ ಹೆಬ್ಬೆರಳಿಗೆ ಜಿಗಿಯುವ ಗುಂಡಿ ಎಂಬುದು ನನಗೆ ಜೋಡಿಸಿದ ಮೇಲೆ ನೆನಪಾಯಿತು. ನನ್ನ ಬುದ್ಧಿವಂತಿಕೆ ಯಾವಾಗಲೂ ಇಷ್ಟು ಹೊತ್ತಿಗೇ ಬರುತ್ತದೆ. ಅಣ್ಣ ಹಿಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಎಡ ಹೆಬ್ಬೆರಳಿನಿಂದ ಗಂಟಪ್ಪನನ್ನು ಮೊದಲನೆಯ ತಗ್ಗಿನವರೆಗೆ ನಡೆಸಿದ. ಅಲ್ಲಿ ನಿಲ್ಲಿಸಿದ. ಗಂಟಪ್ಪ ಗಂಟಿನ ಮೇಲೆ ಕೂತ.

ಮರುದಿನವೂ ಹಾಗೆಯೇ. ಮೂರು ವಾರ ಹಾಗೆಯೇ ಎಂದು ವೈನಿ ಫೋನಿನಲ್ಲಿ ಹೇಳಿದರು. ಎಡಗೈಯಿಂದಲೇ ಜಿಗಿಸಬಾರದೇ ಎಂದು ಅವರು ಕೇಳಿದ್ದಕ್ಕೆ ಅಣ್ಣ ಒಂದೇ ಮಾತು ಹೇಳಿದನಂತೆ: "ಅವ್ವಂದು." ವೈನಿ ಹೆದರಿದರು. ಅವ್ವ ತೀರಿಕೊಂಡದ್ದನ್ನೇ ಮರೆತಿದ್ದಾನೆ ಎಂದುಕೊಂಡರು. ಡಾಕ್ಟರಿಗೂ ಹೇಳಿದರು, ಡಾಕ್ಟರು ಚೀಟಿಯಲ್ಲಿ ಏನೋ ಬರೆದುಕೊಂಡರು.

ಇದನ್ನು ಕೇಳಿದ ಮೇಲಿನ ಭಾನುವಾರ ನಾನು ಹುಕ್ಕೇರಿಯಿಂದ ಬಸ್ಸು ಹಿಡಿದು ಬಂದು ಅಣ್ಣನ ಬಲಕ್ಕೆ ಕೂತೆ. ಗಂಟಪ್ಪ ಗಂಟಿನ ಮೇಲೆ ಕೂತಿದ್ದ. ನಾನು ತೆರೆಯ ಮೂಲೆ ನೋಡಿದೆ. ಮೂರು ಟೊಪ್ಪಿಗೆಗಳೂ ಇದ್ದವು. ಅಂದರೆ ಒಂದು ಜೀವವೂ ಹೋಗಿಲ್ಲ, ಇದು ಮೊದಲನೆಯದು, ಅವನದೇ. ಅಣ್ಣ ಮಾತ್ರ ಅದನ್ನು ಅವ್ವನದು ಎನ್ನುತ್ತಿದ್ದ. ಮೊದಲಿನ ಎರಡು ಎಲ್ಲಿ ಹೋದವು ಎಂಬುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅಡುಗೆಮನೆಗೆ ಹೋಗಿ ವೈನಿಗೆ ಮೂರನೆಯ ಜೀವದ ನೇಮವನ್ನೆಲ್ಲ ವಿವರಿಸಿದೆ. ಅವರು ಕೈಯಲ್ಲಿದ್ದ ಚಮಚ ಕೆಳಗಿಟ್ಟು ಪೂರ್ತಿ ಕೇಳಿದರು.

"ಹಂಗಾರ ತಲಿ ಸರಿ ಐತ್ರಿ ಇವರ್ದು?"

"ಸರಿ ಐತ್ರಿ ವೈನಿ. ಅದಽ ತ್ರಾಸ."

ಹೊರಗೆ ಬಂದು ಅಣ್ಣನ ತೊಡೆಯ ಮೇಲಿದ್ದ ಹಿಡಿಕೆಯ ಮೇಲೆ ನನ್ನ ಎರಡೂ ಕೈ ಚಾಚಿ ಗುಂಡಿ ಒತ್ತಿದೆ. ನಡೆಸಿದೆ, ಜಿಗಿಸಿದೆ. ಯಾವಾಗಲೂ ಆಗುವಂತೆ ತಡವಾಯಿತು. ಗಂಟಪ್ಪ ಗಂಟಿನ ಸಮೇತ ತಗ್ಗಿಗೆ ಬಿದ್ದ. ಅಣ್ಣ ನನ್ನ ಕಡೆಗೆ ತಿರುಗಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನು ಯಾರನ್ನೂ ಹಾಗೆ ನೋಡಿರಲಿಲ್ಲ.

"ಅವ್ವನ ಜೀವಾ..." ಎಂದ. ನಾಲಿಗೆ ತೊಡರಿತು, ಕಾದು ಮತ್ತೆ ಹೇಳಿದ. "ಯಾಕ ಒತ್ತಿದಿ?"

"ಅವ್ವಂದಲ್ಲಣ್ಣಾ ಅದು. ಮೂಲ್ಯಾಗ ಮೂರ ಟೊಪ್ಪಿಗಿ ಇದ್ದೂ. ಅದು ನಿಂದು. ನಾ ಕೆಡಿಸಿದೆ. ಈಗ ಎರಡ ಅದಾವು ನೋಡು. ಇದು ನಂದು."

ಅಣ್ಣ ಮೂಲೆಯನ್ನು ಬಹಳ ಹೊತ್ತು ನೋಡಿದ. ಬದುಕೆಲ್ಲ ಸುತ್ತು ಎಣಿಸಿದವನು. ಎದುರಿಗೆ ಕಾಣುವ ಲೆಕ್ಕವನ್ನು ಅಲ್ಲಗಳೆಯುವುದು ಅವನಿಂದ ಆಗದು. ಕೊನೆಗೆ ಗದ್ದ ಎತ್ತಿ ಆಡು ಎಂದು ಸನ್ನೆ ಮಾಡಿದ. ನಾನು ಆಡಿದೆ, ಎರಡನೆಯ ತಗ್ಗಿನಲ್ಲಿ ಬಿದ್ದೆ. ಮೂರನೆಯ ಜೀವ ಬಂತು. ಹಿಡಿಕೆಯನ್ನು ನೆಲದ ಮೇಲಿಟ್ಟೆವು. ವೈನಿಯೂ ಬಂದು ಕೂತರು. ಗಂಟಪ್ಪ ಗಂಟು ಇಳಿಸಿ ಕೂತು ಕಣ್ಣು ಪಿಳುಕಿಸಿದ್ದನ್ನು ಮೂವರೂ ನೋಡಿದೆವು. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ತಾನೇ ಎಡಗೈ ಚಾಚಿ ಪೆಟ್ಟಿಗೆಯನ್ನು ಆರಿಸಿ ಹಚ್ಚಿದ. ಮೂರು ಟೊಪ್ಪಿಗೆ. ಗಂಟಪ್ಪನನ್ನು ತಗ್ಗಿನ ಅಂಚಿಗೆ ನಡೆಸಿ, "ಹೂಂ" ಎಂದ. ಜಿಗಿಸು ಎಂದು ನನಗೆ ಅರ್ಥವಾಗುವಷ್ಟರಲ್ಲಿ ಗಂಟಪ್ಪ ಬಿದ್ದಿದ್ದ. ಮುಂದಿನ ಸಲ ದಾಟಿದೆವು.

ಈಗ ಭಾನುವಾರಗಳು ಹೀಗೆ ನಡೆಯುತ್ತಿವೆ. ಅಣ್ಣ ನಡೆಸುತ್ತಾನೆ, "ಹೂಂ" ಎಂದಾಗ ನಾನು ಜಿಗಿಸುತ್ತೇನೆ. ಉಳಿದ ದಿನ ವೈನಿ ಜಿಗಿಸುತ್ತಾರೆ, ನನಗಿಂತ ಚೆನ್ನಾಗಿ. ಚೆಂಡು ಇನ್ನೂ ಕಿಟಕಿಯಲ್ಲೇ ಇದೆ. ಆದರೆ ಎರಡು ವಾರದ ಕೆಳಗೆ, ಅವರೆಕಾಯಿ ಸುಲಿಯುತ್ತ ಕೂತಿದ್ದ ವೈನಿ ನನಗೆ ಕಣ್ಣಿನಲ್ಲೇ ಅಣ್ಣನ ಮೊಣಕಾಲು ತೋರಿಸಿದರು. ಅವನ ಬಲಗೈ ಅದರ ಮೇಲಿತ್ತು. ಅಣ್ಣ "ಹೂಂ" ಎಂದ. ಹೆಬ್ಬೆರಳು ಒಂದು ಜೋಳದ ಕಾಳಿನಷ್ಟು ಕೆಳಗೆ ಒತ್ತಿತು. ಮುಂದಿನ ತಗ್ಗಿಗೂ ಒತ್ತಿತು. ಏಳು ತಗ್ಗಿನಲ್ಲಿ ಐದು ಸಲ, ನಾನು ಎಣಿಸಿದ್ದೇನೆ. ಅವನಿಗೆ ಹೇಳೋಣವೇ ಎಂದು ವೈನಿ ಒಳಗೆ ಕರೆದು ಕೇಳಿದರು. ಹೇಳಬೇಡಿ ಎಂದೆ. ಒತ್ತು ಎಂದು ಕೇಳಿದಾಗ ಒತ್ತದ ಬೆರಳು ಅದು. ಕೇಳದೆ ಬಂದದ್ದನ್ನು ಕೇಳಿ ಕಳೆದುಕೊಳ್ಳುವುದು ಬೇಡ. ಡಾಕ್ಟರಿಗೆ ಮಾತ್ರ ಹೇಳಿದೆವು. ಆಟ ಬಿಡಬೇಡಿ ಎಂದರು.

ನಿನ್ನೆ ಭಾನುವಾರ. ಅಣ್ಣ ನಾಲ್ಕನೆಯ ಊರಿನವರೆಗೆ ಬಂದಿದ್ದ. "ಹೂಂ" ಎಂದ. ಮೊಣಕಾಲಿನ ಮೇಲೆ ಅವನ ಹೆಬ್ಬೆರಳು ಪೂರ್ತಿ ಬಾಗಿ, ಲುಂಗಿಯ ಬಟ್ಟೆಯನ್ನು ಸುಕ್ಕಾಗುವಂತೆ ಒತ್ತಿತು. ನನ್ನದು ಒತ್ತಲಿಲ್ಲ. ಗಂಟಪ್ಪ ನೆಟ್ಟಗೆ ನಡೆದು ತಗ್ಗಿಗೆ ಇಳಿದ.

"ಎಲ್ಲಿ ನೋಡಾಕತ್ತಿದ್ದಿ?" ಎಂದ ಅಣ್ಣ. ಒಂದೂ ಅಕ್ಷರ ತೊಡರಲಿಲ್ಲ.

"ಟಿವಿನಽ ನೋಡಾಕತ್ತಿದ್ದೆ ಅಣ್ಣಾ," ಎಂದೆ.

ಅದು ಸುಳ್ಳು. ವೈನಿ ಅವರೆಕಾಯಿಯ ಬುಟ್ಟಿಯ ಮೇಲೆ ಬಗ್ಗಿದರು. ಅಣ್ಣ ನನ್ನನ್ನು ಒಂದು ಗಳಿಗೆ ನೋಡಿದ. ಅವನ ಜೀವವನ್ನು ನಾನು ಕಳೆದಿದ್ದರಿಂದ ನನ್ನ ಪಾಲಿನ ಎರಡನೆಯ ಜೀವವನ್ನು ಅವನು ತೆಗೆದುಕೊಂಡ, ನ್ಯಾಯವಾಗಿಯೇ ಇತ್ತು. ಗಂಟಪ್ಪ ನಡೆಯತೊಡಗಿದ. ನಾನು ಕಣ್ಣನ್ನು ಟಿವಿಯಿಂದ ಆಚೀಚೆ ಸರಿಸದೆ, ಅಣ್ಣನ ಮುಂದಿನ "ಹೂಂ"ಗಾಗಿ ಕಾಯುತ್ತ ಕೂತೆ.