ಎಣ್ಣೆ ಮರಳಿನ ಬ್ರೌನುಗಳು

ಎಂಬತ್ತರ ದಶಕದ ನಡುವೆ ನಾಲ್ಕು ವರ್ಷ ನಾನು ಕೊಯಮತ್ತೂರಿನ ಹೊರಗಿದ್ದ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಟೈಪಿಸ್ಟ್ ಆಗಿದ್ದೆ. ಮೆಂಬರುಗಳು ಬಿಸಿಲೇರುವ ಮೊದಲೇ ಬಂದು ಆಡಿ, ಮಿಲ್ಲಿಗೋ ಫೌಂಡ್ರಿಗೋ ಹೊರಟುಹೋಗುತ್ತಿದ್ದರು. ಮತ್ತೆ ಅವರ ಕಾರುಗಳು ಕಾಣುತ್ತಿದ್ದದ್ದು ಸಂಜೆಗೆ. ನನ್ನ ಕೆಲಸ ಒಂಬತ್ತರಿಂದ ನಾಲ್ಕು. ಯಾರೂ ಇಲ್ಲದ ಹೊತ್ತನ್ನೇ ಆರಿಸಿ ನನಗೆ ಕೊಟ್ಟಂತಿತ್ತು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ತಗಡಿನ ಮಾಡಿನ ಆ ಕಚೇರಿಗೆ ನಾನೇ ಒಡತಿ. ಫೋನು ದಿನಕ್ಕೆ ಎರಡು ಸಲ ಹೊಡೆದುಕೊಂಡರೆ ಅವತ್ತು ಹಬ್ಬ.

ಅಪ್ಪ ಹೋದ ಮೇಲೆ ಅಮ್ಮ ಮಗ್ಗ ಮಾರಿ ಉಡುಮಲೈಪೇಟೆಯ ತನ್ನ ಅಣ್ಣನ ಮನೆ ಸೇರಿದ್ದಳು. ನಾನು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿದ್ದೆ. ಕೋಣೆಯ ಜೊತೆಗಾತಿ ನರ್ಸು. ನಾನು ಚಪ್ಪಲಿ ಕಳಚುವ ಹೊತ್ತಿಗೆ ಅವಳು ಚಪ್ಪಲಿ ಹಾಕುತ್ತಿದ್ದಳು. ಬಸ್ಸಿನಲ್ಲಿ, ಮೆಸ್ಸಿನಲ್ಲಿ ತಮಿಳು, ಟೈಪ್‌ರೈಟರಿನಲ್ಲಿ ಇಂಗ್ಲಿಷು. ಮನೆಯ ಮಾತಾದ ಕನ್ನಡವನ್ನು ಆಡಲು ಮನೆಯೇ ಇರಲಿಲ್ಲ. ಇದ್ದದ್ದು ಕ್ಲಬ್ಬಿನ ಕೆಲಸಗಾರರಾದ ಒಬ್ಬರು ತಾತ, ಅವರೂ ದಿನಕ್ಕೆ ಹತ್ತು ನಿಮಿಷ.

ನಮ್ಮ ಮೈದಾನದಲ್ಲಿ ಆಗ ನೀರಿರಲಿಲ್ಲ. ಚೆಂಡನ್ನು ಮೆಲ್ಲಗೆ ಕುಳಿಗೆ ತಳ್ಳುವ ಕೊನೆಯ ಜಾಗ ಬೇರೆ ಊರುಗಳಲ್ಲಿ ಹಸಿರು ಹುಲ್ಲಿನದಾದರೆ ನಮ್ಮಲ್ಲಿ ಮರಳಿನದು. ಜರಡಿ ಹಿಡಿದ ಮರಳಿಗೆ ಕುರಿಚಿಯ ಕಾರ್ಖಾನೆಗಳಿಂದ ತಂದ ಹಳೆಯ ಎಂಜಿನ್ ಎಣ್ಣೆ ಕಲಸಿ, ದುಂಡಗೆ ಹರಡಿ, ಅದನ್ನು ಬ್ರೌನ್ ಎಂದು ಕರೆಯುತ್ತಿದ್ದರು. ಅಂಥ ಒಂಬತ್ತು ಬ್ರೌನುಗಳ ಮೇಲೆ ಗೋಣಿ ಸುತ್ತಿದ ಹಲಗೆ ಎಳೆದು, ಹೆಜ್ಜೆಗುರುತು ಅಳಿಸಿ ಸಮ ಮಾಡುವುದು ತಾತನ ಕೆಲಸ. ಅವರೂ ನಮ್ಮ ಹಾಗೆ ಕನ್ನಡದ ನೇಕಾರರು. ಕಣ್ಣು ಮಂಜಾಗಿ ಎಳೆ ಕಾಣದಾದಾಗ ಮಗ್ಗ ಬಿಟ್ಟು ಇಲ್ಲಿಗೆ ಬಂದವರು. ಹನ್ನೊಂದಕ್ಕೆ ಕಚೇರಿಯ ಮಡಕೆಯ ನೀರು ಕುಡಿಯಲು ಬರುತ್ತಿದ್ದರು.

"ಏನ್ ಅಮ್ಮಣಿ, ತಿಂಡಿ ಆಯ್ತಾ?"

"ಆಯ್ತು ತಾತಾ, ಇಡ್ಲಿ."

"ದಿನಾ ಇಡ್ಲಿಯಾ? ನಿನ್ ಹಾಸ್ಟಲ್ಲಲ್ಲಿ ಬೇರೆ ಪಾತ್ರೆನೇ ಇಲ್ವಾ?"

ಇದಕ್ಕಿಂತ ದೊಡ್ಡ ಮಾತೇನೂ ಇರುತ್ತಿರಲಿಲ್ಲ. ಆದರೂ ಒಂಬತ್ತು ಗಂಟೆಯಿಂದ ನಾನು ಕಾಯುತ್ತಿದ್ದದ್ದು ಅದಕ್ಕೇ. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ, ಆಗ ಇತ್ತು.

ಒಂದು ಬೇಸಿಗೆಯಲ್ಲಿ ಕೊರೆಸಿದ ಬೋರಿನಲ್ಲಿ ನೀರು ಚಿಮ್ಮಿತು. ಇನ್ನು ಮರಳು ತೆಗೆದು ಹುಲ್ಲು ಹಾಕುವುದೆಂದು ಕಮಿಟಿ ತೀರ್ಮಾನಿಸಿತು. ಹುಲ್ಲಿನ ಮರ್ಮ ಬಲ್ಲ ಮಾಲಿಯೊಬ್ಬ ಊಟಿಯಿಂದ ಬರುತ್ತಾನಂತೆ. ತಾತನ ಸುದ್ದಿಯನ್ನು ಯಾರೂ ಎತ್ತಲಿಲ್ಲ.

"ಪುಲ್ಲು ಬಂದ್ಮೇಲೆ ಈ ಪಲಗೆ ಯಾರಿಗ್ ಬೇಕು ಅಮ್ಮಣಿ?" ಎಂದು ತಾತ ಲೋಟ ಬೋರಲು ಹಾಕಿದರು. "ಮಗಳು ತಿರುಪ್ಪೂರಿಗೆ ಬಂದ್ಬಿಡು ಅಂತಾಳೆ. ಅಲ್ಲಿ ಹೋಗಿ ಸುಮ್ನೆ ಗೋಡೆ ನೋಡ್ಕಂಡು ಕುಂದ್ರೋದಾ?"

ಅವರ ಗೋಡೆಗಿಂತ ಮೊದಲು ನನ್ನ ಕಣ್ಣಿಗೆ ಬಂದದ್ದು ನನ್ನ ಕಚೇರಿಯ ಗೋಡೆಯೇ.

ಅದೇ ವಾರ ಸೆಕ್ರೆಟರಿ ನನ್ನನ್ನು ಕರೆದರು. ಮಿಲಿಟರಿಯಿಂದ ನಿವೃತ್ತರಾದವರು, ಗಟ್ಟಿ ದನಿ, ಮೆತ್ತನೆಯ ಮನುಷ್ಯ. ಹುಲ್ಲಿನ ಅಂಗಳದ ಉದ್ಘಾಟನೆಗೆ ಕ್ಲಬ್ಬಿನ ಚರಿತ್ರೆಯ ಸಣ್ಣ ಪುಸ್ತಕ ಬೇಕು, ಹಿರಿಯರನ್ನೆಲ್ಲ ಕೇಳಿ ನೀನೇ ಬರೆ ಎಂದರು. ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದನಂತೆ. ನಾನು ಆ ಉತ್ಸಾಹದಲ್ಲೇ ಕೂತೆ. ಮೈದಾನದಲ್ಲಿ ಮೊದಲ ಚೆಂಡು ಹೊಡೆದವರು ಯಾರೆಂದು ಕೇಳಿದರೆ ಮೂವರು ಮೆಂಬರುಗಳು ಬೇರೆ ಬೇರೆಯಾಗಿ "ನಾನೇ" ಎಂದರು. ಮೂವರೂ ಪ್ರಮಾಣ ಮಾಡಲು ತಯಾರು.

ತಾತನನ್ನು ಕೇಳಿದೆ. "ಯಾರ್ ಹೊಡೆದ್ರೋ ಯಾರ್ ಕಂಡಿದ್ದು? ಸೀಮೆಜಾಲಿ ಪೊದೆಲಿ ಬಿದ್ದ್ ಚೆಂಡ ಮಧ್ಯಾಹ್ನದವರೆಗೂ ಹುಡುಕ್ದವನು ನಾನು. ಅದ ಬರ್ಕೋ," ಎಂದರು. ಹತ್ತಿ ಹೊಲ ಬೀಳು ಬಿದ್ದದ್ದು, ಮೊದಲು ಆರೇ ಕುಳಿ ತೋಡಿದ್ದು, ಮೇಯಲು ಬಂದ ಆಡುಗಳು ಬಾವುಟದ ಬಟ್ಟೆ ತಿಂದದ್ದು ಎಲ್ಲ ಅವರಿಂದಲೇ ಸಿಕ್ಕಿತು.

ಆಗ ನನಗೊಂದು ಉಪಾಯ ಹೊಳೆಯಿತು. ಅಚ್ಚಾದ ಪುಸ್ತಕದಲ್ಲಿ ಇವರನ್ನು ದೊಡ್ಡವರನ್ನಾಗಿ ಮಾಡಿದರೆ ಕಮಿಟಿಗೆ ಇವರನ್ನು ಕಳಿಸುವ ಮುಖವೆಲ್ಲಿರುತ್ತದೆ? ಅಧ್ಯಕ್ಷರುಗಳಿಗೆ ತಲಾ ಎರಡು ಸಾಲು ಕೊಟ್ಟು ತಾತನಿಗೆ ಒಂದು ಪುಟವಿಡೀ ಕೊಟ್ಟೆ. ಮಗ್ಗದ ಮೇಲೆ ಹಾಸು ಸರಿಮಾಡಿದ ಕೈ ಈ ಮರಳನ್ನು ಸರಿಮಾಡಿತು ಎಂದು ಬರೆದೆ. ಮೊಣಕಾಲು ನೋವಿನಲ್ಲೂ ಉರಿಬಿಸಿಲಲ್ಲಿ ಒಂಬತ್ತು ಬ್ರೌನು ಸುತ್ತುವ ಈ ಹಿರಿಯ ಜೀವ ಇಲ್ಲದಿದ್ದರೆ ಕ್ಲಬ್ಬೇ ಇಲ್ಲ ಎಂದು ಬರೆದೆ. ಓದಿ ನನಗೇ ಕಣ್ಣಲ್ಲಿ ನೀರು ಬಂತು. ಸೆಕ್ರೆಟರಿ ಒಂದಕ್ಷರ ತಿದ್ದಲಿಲ್ಲ. ಎರಡು ಸಲ ಓದಿ ಕನ್ನಡಕ ಒರೆಸಿಕೊಂಡರು. ಗೆದ್ದೆ ಅಂದುಕೊಂಡೆ.

ಉದ್ಘಾಟನೆ ಭಾನುವಾರ ಸಂಜೆ. ಸೆಕ್ರೆಟರಿ ನನ್ನ ಪುಟವನ್ನು ಮೈಕಿನಲ್ಲಿ ಓದಿದರು. ತಾತನನ್ನು ವೇದಿಕೆಗೆ ಕರೆದು ಪೊನ್ನಾಡೆ ಎನ್ನುವ ಜರಿಯ ಶಾಲು ಹೊದಿಸಿದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು. ಆಮೇಲೆ ಸೆಕ್ರೆಟರಿ, ನಾಳೆಯಿಂದ ಹಿರಿಯರು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಲಿ, ಇದು ನಮ್ಮ ಬೀಳ್ಕೊಡುಗೆ ಎಂದರು. ತಟ್ಟುತ್ತಿದ್ದ ಕೈ ನಿಂತುಬಿಟ್ಟಿತು.

ಕಾಫಿಯ ಮೇಜಿನ ಬಳಿ ಸೆಕ್ರೆಟರಿಯನ್ನು ಹಿಡಿದು, ಯಾಕೆ ಸಾರ್ ಎಂದೆ. ಅವರು ನನ್ನನ್ನು ಮೆಚ್ಚುವ ದನಿಯಲ್ಲೇ ತಮಿಳಿನಲ್ಲಿ ಹೇಳಿದರು. ಹುಲ್ಲಿಗೆ ಪೈಪು ಹಿಡಿದು ನೀರು ಬಿಡುವ ಕೆಲಸಕ್ಕೆ ಅವರನ್ನು ಇಟ್ಟುಕೊಳ್ಳೋಣವೆಂದು ಕಮಿಟಿಯಲ್ಲಿ ಆಮೇಲೆ ಒಪ್ಪಿಗೆಯಾಗಿತ್ತಂತೆ. "ನೀನು ಬರೆದದ್ದು ಓದಿದ ಮೇಲೆ ಎಲ್ಲರಿಗೂ ನಾಚಿಕೆಯಾಯಿತಮ್ಮ. ಅಂಥ ಮನುಷ್ಯನ ಕೈಗೆ ಪೈಪು ಕೊಡುವುದೇ? ಅದೂ ಆ ಮೊಣಕಾಲಿಟ್ಟುಕೊಂಡು?"

ಮರುದಿನ ಹನ್ನೊಂದಕ್ಕೆ ತಾತ ಬಂದರು. ಶುಭ್ರ ವೇಷ್ಟಿ, ಕೈಯಲ್ಲಿ ಪುಸ್ತಕ. ನೀರು ಕುಡಿಯದೆ ಕುರ್ಚಿಯಲ್ಲಿ ಕೂತರು. ಅವರು ಅಲ್ಲಿ ಕೂತದ್ದು ಅದೇ ಮೊದಲು.

"ಇಂಗ್ಲೀಷು ನನಗೆಲ್ಲಿ ಬರುತ್ತೆ. ಏನ್ ಬರ್ದಿದ್ದೀಯ, ನಮ್ ಮಾತಲ್ಲಿ ಓದಿ ಹೇಳು."

ಹೇಳಿದೆ. ಮೊಣಕಾಲಿನ ಸಾಲನ್ನು ಹಾರಿಸಿಬಿಟ್ಟೆ. ತಾತ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು.

"ಚೆನ್ನಾಗ್ ಬರ್ದಿದ್ದೀಯ ಅಮ್ಮಣಿ," ಎಂದರು. ಪುಸ್ತಕ ವಾಪಸ್ಸು ತೆಗೆದುಕೊಂಡು ಕೇಳಿದರು: "ಇಷ್ಟ್ ಒಳ್ಳೇವನಾಗಿದ್ರೆ ನನ್ ಯಾಕೆ ಕಳಿಸ್ಬಿಟ್ರು?"

"ಗೊತ್ತಿಲ್ಲ ತಾತಾ," ಎಂದೆ.

ಆ ಕಚೇರಿಯಲ್ಲಿ ಆಮೇಲೂ ಎರಡು ವರ್ಷ ಇದ್ದೆ. ಅಲ್ಲಿ ನಾನು ಕನ್ನಡದಲ್ಲಿ ಆಡಿದ ಕೊನೆಯ ಮಾತು ಅದು. ಅದೂ ಸುಳ್ಳು.